ಡಾಕ್ಟರ್ ಕೊಟ್ಟ ಔಷಧಿ ತಗೊಂಡರೆ ನನ್ನ ತಮ್ಮ ‘ಸೋಬರ್’ ಅಲ್ವಂತೆ!

ಹೊಟ್ಟೆ ಉರಿಯುತ್ತಿದೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ಇವತ್ತು ನಿದ್ದೆ ಬರಲ್ಲ.

ನನ್ನ ತಮ್ಮ ಅಮೆರಿಕದ ಸೇನೆಯಲ್ಲಿದ್ದವನು. ವೀಸಾದ ಮೇಲೆ ಬಂದವರನ್ನೂ ಸೇನೆಗೆ ಸೇರಿಸಿಕೊಳ್ಳುವ ‘ಮಾವ್ನಿ’ ಅಂತ ಒಂದು ಯೋಜನೆ ಇತ್ತಲ್ಲ, 2009ರಲ್ಲಿ ಶುರುವಾಗಿ 2016ರಲ್ಲಿ ನಿಂತಿದ್ದು, ಅದರಲ್ಲಿ ಸೇರಿದ. ಅಫ್ಘಾನಿಸ್ತಾನಕ್ಕೂ ಹೋಗಿ ಬಂದ. ಈಗ ಮಾಜಿ ಸೈನಿಕ. ಚಟ ಬಿಟ್ಟ ಮಾಜಿ ಸೈನಿಕರು ಒಟ್ಟಿಗೆ ಇರುವ ಒಂದು ಸೋಬರ್ ಹೋಮ್‌ನಲ್ಲಿದ್ದ. ಅಲ್ಲಿಂದ ಅವನನ್ನು ಹೊರಗೆ ಹಾಕಿದ್ದಾರೆ.

ಅವನು ಕುಡಿದಿರಲಿಲ್ಲ. ಕದ್ದು ಮಾತ್ರೆ ನುಂಗಿರಲಿಲ್ಲ. ಯಾರ ಮೇಲೂ ಕೈ ಮಾಡಿರಲಿಲ್ಲ. ಬಾಡಿಗೆ ಒಂದು ವಾರವೂ ಬಾಕಿ ಇರಲಿಲ್ಲ. ಮಾಜಿ ಸೈನಿಕರನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆ ‘ವಿಎ’ಯ ಆಸ್ಪತ್ರೆಯ ಡಾಕ್ಟರ್ ಬರೆದುಕೊಟ್ಟ ಔಷಧಿಯನ್ನು ನಿಲ್ಲಿಸಲ್ಲ ಅಂದ. ಅಷ್ಟೇ ಅವನು ಮಾಡಿದ್ದು.

ಅವನ ಕಥೆ ಹೊಸದೇನಲ್ಲ. ಗುಂಡು ತಡೆಯುವ ಕವಚ, ಮದ್ದುಗುಂಡು, ನೀರು, ಚೀಲ, ಎಲ್ಲವನ್ನೂ ಹೊತ್ತು ಬೆಟ್ಟ ಹತ್ತಿ ಇಳಿದು ಬೆನ್ನು ಹೋಯಿತು. ಬೆನ್ನು ನೋವಿಗೆ ಓಪಿಯಾಯ್ಡ್ ಮಾತ್ರೆ ಕೊಟ್ಟರು, ಅಫೀಮಿನ ಜಾತಿಯ, ಚಟ ಹಿಡಿಸುವ ನೋವಿನ ಮಾತ್ರೆ. ಇರಾಕ್, ಅಫ್ಘಾನಿಸ್ತಾನದಿಂದ ಬಂದ ಎಷ್ಟೋ ಹುಡುಗರಿಗೆ ಹೀಗೇ ಡಬ್ಬಿಗಟ್ಟಲೆ ಕೊಟ್ಟಿದ್ದರು. 2013ರಲ್ಲಿ ವಿಎಗೆ ಎಚ್ಚರವಾಗಿ, ದೇಶದ ತುಂಬ ಇಂಥ ಮಾತ್ರೆಗಳನ್ನು ಕಡಿಮೆ ಮಾಡುವ ಯೋಜನೆ ತಂದಿತು. ಒಳ್ಳೆಯ ಕೆಲಸವೇ. ಆದರೆ ನಿಧಾನಕ್ಕೆ ಇಳಿಸಬೇಕಾದ್ದನ್ನು ಅವನಿಗೆ ಸರ್ರನೆ ಇಳಿಸಿದರು. ನೋವು ಹಾಗೇ ಉಳಿಯಿತು, ಮಾತ್ರೆ ಹೋಯಿತು. ಆಮೇಲೆ ಅವನು ಎಲ್ಲೆಲ್ಲಿಂದ ಏನೇನು ತಂದು ನುಂಗಿದ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ಅವನು ಹೇಳಬೇಕಾದ ಮಾತು.

ಇಂಥ ಮಾತ್ರೆಗಳನ್ನು ದಿಢೀರನೆ ನಿಲ್ಲಿಸಬೇಡಿ, ಜೀವಕ್ಕೇ ಅಪಾಯ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಡಾಕ್ಟರುಗಳಿಗೇ ಎಚ್ಚರಿಕೆ ಕೊಟ್ಟಿತು. ಡಾಕ್ಟರುಗಳಿಗೇ ಹೇಳಬೇಕಾಗಿ ಬಂದ ಮಾತಿದು. ಈಗ ಅದೇ ಆಟವನ್ನು ಸೋಬರ್ ಹೋಮ್ ನೋಡಿಕೊಳ್ಳುವ ಒಬ್ಬ ಹೌಸ್ ಮ್ಯಾನೇಜರ್ ಆಡುತ್ತಿದ್ದಾನೆ. ಅವನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ.

ತಮ್ಮ ತಗೊಳ್ಳೋದು ಬ್ಯುಪ್ರೆನಾರ್ಫಿನ್, ಓಪಿಯಾಯ್ಡ್ ಚಟಕ್ಕೆ ಕೊಡುವ ಔಷಧಿ. ಚಿಕ್ಕ ಫಾಯಿಲ್ ಪೊಟ್ಟಣದಲ್ಲಿ ಬರುತ್ತದೆ. ಒಡೆದರೆ ಕಿತ್ತಳೆ ಬಣ್ಣದ, ಉಗುರಿನಷ್ಟಗಲದ ತೆಳು ಹಾಳೆ. ಅದನ್ನು ನಾಲಗೆಯ ಕೆಳಗೆ ಇಟ್ಟುಕೊಂಡು ಸುಮ್ಮನೆ ಕೂರಬೇಕು. ಮಾತಾಡುವ ಹಾಗಿಲ್ಲ, ನುಂಗುವ ಹಾಗಿಲ್ಲ. ವಿಪರೀತ ಕಹಿಯಂತೆ. ಕರಗಿದ ಮೇಲೆ ನೀರು ಮುಕ್ಕಳಿಸಬೇಕು. ಹಲ್ಲು ಹಾಳಾಗುತ್ತದೆ ಅಂತ 2022ರಲ್ಲಿ ಎಫ್‌ಡಿಎ ಹೇಳಿದೆ, ಹಾಗಾಗಿ ಒಂದು ಗಂಟೆ ಹಲ್ಲುಜ್ಜುವ ಹಾಗೂ ಇಲ್ಲ. ಬೆಳಗ್ಗೆ ಇಷ್ಟನ್ನೂ ಶಿಸ್ತಾಗಿ ಮಾಡಿ ಕೆಲಸಕ್ಕೆ ಹೋಗುತ್ತಿದ್ದ. ಇದರಲ್ಲಿ ಮಜಾ ಎಲ್ಲಿದೆ? ನಶೆ ಎಲ್ಲಿದೆ?

ಅದು ಮೆದುಳಲ್ಲಿ ಹಳೆಯ ಮಾತ್ರೆ ಹೋಗಿ ಕೂರುತ್ತಿದ್ದ ಜಾಗದಲ್ಲೇ ಹೋಗಿ ಕೂರುತ್ತದೆ. ಗಟ್ಟಿಯಾಗಿ ಕೂರುತ್ತದೆ. ಆದರೆ ಪೂರ್ತಿ ಕೆಲಸ ಮಾಡಲ್ಲ, ಒಂದು ಮಿತಿಯಲ್ಲಿ ನಿಂತುಬಿಡುತ್ತದೆ. ಮೈ ನಡುಕ ನಿಲ್ಲುತ್ತದೆ, ಬೇಕು ಬೇಕು ಅನ್ನೋ ಹಸಿವು ಇಳಿಯುತ್ತದೆ, ಮನುಷ್ಯ ಮನುಷ್ಯನಾಗಿ ಓಡಾಡುತ್ತಾನೆ. 2002ರಿಂದ ಇದಕ್ಕೆ ಅಲ್ಲಿ ಅನುಮತಿ ಇದೆ. ಮೊದಲು ಇದನ್ನು ಬರೆದುಕೊಡಲು ಡಾಕ್ಟರುಗಳು ಪ್ರತ್ಯೇಕ ಪರವಾನಗಿ ಪಡೆಯಬೇಕಿತ್ತು. ಜನರಿಗೆ ಬೇಗ ಸಿಗಲಿ ಅಂತ 2022ರ ಕೊನೆಯಲ್ಲಿ ಕಾನೂನು ಮಾಡಿ ಆ ಕಟ್ಟಳೆಯನ್ನೂ ತೆಗೆದುಹಾಕಿದರು. ಸರ್ಕಾರ ಬಾಗಿಲು ತೆಗೆಯುತ್ತಿದೆ, ಸೋಬರ್ ಹೋಮ್‌ನವರು ಚಿಲಕ ಹಾಕುತ್ತಿದ್ದಾರೆ.

ಸೇರುವಾಗ ಔಷಧಿ ಪಟ್ಟಿಯನ್ನು ನಾವು ಮುಚ್ಚಿಟ್ಟಿರಲಿಲ್ಲ. ಫಾರ್ಮ್‌ನಲ್ಲಿ ಬರೆದೇ ಕೊಟ್ಟಿದ್ದೆವು. ‘ಪರವಾಗಿಲ್ಲ, ನಮ್ಮಲ್ಲಿ ಅಂಥವರೂ ಇದ್ದಾರೆ’ ಅಂದರು. ಠೇವಣಿ ತಗೊಂಡರು, ಮೊದಲ ವಾರಗಳ ಬಾಡಿಗೆ ತಗೊಂಡರು. ಬೀಗ ಹಾಕುವ ಪೆಟ್ಟಿಗೆಯಲ್ಲಿ ಔಷಧಿ ಇಡಬೇಕು, ಮ್ಯಾನೇಜರ್ ಎದುರಿಗೇ ಎಣಿಸಿ ತಗೊಳ್ಳಬೇಕು ಅಂದರು. ಅದಕ್ಕೂ ಒಪ್ಪಿದ. ಹಳೇ ಮ್ಯಾನೇಜರ್ ಹೋಗಿ ಹೊಸಬ ಬಂದ. ಅಲ್ಲಿಂದ ವರಸೆ ಬದಲಾಯಿತು. ‘ಇದು ಒಂದು ನಶೆಯ ಜಾಗಕ್ಕೆ ಇನ್ನೊಂದು ನಶೆ. ಯಾವಾಗ ನಿಲ್ಲಿಸುತ್ತೀಯ? ತಾರೀಖು ಕೊಡು.’ ದಿನಾ ಇದೇ. ಊಟದ ಮೇಜಿನ ಹತ್ತಿರ, ಎಲ್ಲರೆದುರಿಗೆ.

ಮೂತ್ರ ಪರೀಕ್ಷೆಯ ಕಥೆ ಕೇಳಿ. ಕಪ್ಪಿನ ಹೊರಗೆ ಬಿಸಿ ಎಷ್ಟಿದೆ ಅಂತ ತೋರಿಸುವ ಪಟ್ಟಿ ಇರುತ್ತದೆ, ಬೇರೆಯವರದ್ದನ್ನು ತಂದು ಸುರಿಯಬಾರದು ಅಂತ. ಒಳಗೆ ಒಂದೊಂದು ಪದಾರ್ಥಕ್ಕೆ ಒಂದೊಂದು ಪಟ್ಟಿ. ಗೆರೆ ಮೂಡಿದರೆ ಆ ಪದಾರ್ಥ ಇಲ್ಲ, ಮೂಡದಿದ್ದರೆ ಇದೆ. ತಮ್ಮನ ಕಪ್ಪಿನಲ್ಲಿ ಹೆರಾಯಿನ್, ಕೊಕೇನ್, ನಿದ್ದೆ ಮಾತ್ರೆ ಎಲ್ಲಕ್ಕೂ ಗೆರೆ ಮೂಡಿದೆ. ಬ್ಯುಪ್ರೆನಾರ್ಫಿನ್ ಪಟ್ಟಿಯಲ್ಲಿ ಮಾತ್ರ ಗೆರೆ ಇಲ್ಲ. ಇರಬಾರದು ಕೂಡ! ಔಷಧಿಯನ್ನು ಮಾರಿಕೊಳ್ಳದೆ, ಬಿಸಾಕದೆ, ತಾನೇ ತಗೊಳ್ಳುತ್ತಿದ್ದಾನೆ ಅನ್ನೋದಕ್ಕೆ ಅದೇ ಸಾಕ್ಷಿ. ವಿಎ ಕ್ಲಿನಿಕ್‌ನಲ್ಲಿ ಅದನ್ನು ನೋಡಿ ‘ಗುಡ್’ ಅಂತಾರೆ. ಇಲ್ಲಿ ಹೊಸ ಮ್ಯಾನೇಜರ್ ಅದನ್ನು ನೋಡಿ ವಹಿಯಲ್ಲಿ ‘ಫೇಲ್’ ಅಂತ ಬರೆದ.

ಕಡೆಗೆ ಒಂದು ಸಂಜೆ ಫೋನ್ ಬಂತು. ‘ಅಕ್ಕಾ, ನಾಳೆಯಿಂದ ಅರ್ಧ ಡೋಸ್ ಮಾಡು, ತಿಂಗಳೊಳಗೆ ಬಿಟ್ಟುಬಿಡು, ಇಲ್ಲ ಬ್ಯಾಗ್ ಕಟ್ಟು ಅಂತಿದ್ದಾರೆ. ಏನು ಮಾಡಲಿ?’ ಯುದ್ಧಭೂಮಿಯಿಂದ ಫೋನ್ ಮಾಡಿದಾಗಲೂ ಅವನ ದನಿ ಅಷ್ಟು ಸಣ್ಣಗಿರಲಿಲ್ಲ. ನಾನು ಹೇಳಿದೆ, ‘ಒಂದು ಮಿಲಿಗ್ರಾಂ ಕೂಡ ಇಳಿಸಬೇಡ. ಬ್ಯಾಗ್ ಕಟ್ಟು, ಬರ್ತಿದ್ದೀನಿ.’

ಯಾಕೆ ಅಷ್ಟು ಹಟ ಅಂತ ಕೇಳುವವರಿಗೆ ಹೇಳುತ್ತೇನೆ. ಇದನ್ನು ಅವಸರದಲ್ಲಿ ಬಿಡಿಸಿದಾಗ ಹಳೆಯ ಚಟಕ್ಕೆ ಮರಳುವವರೇ ಜಾಸ್ತಿ. ಅಷ್ಟರಲ್ಲಿ ಮೈಗೆ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಹೋಗಿರುತ್ತದೆ. ಮೊದಲು ತಗೊಳ್ಳುತ್ತಿದ್ದಷ್ಟೇ ತಗೊಂಡರೂ ಉಸಿರು ನಿಲ್ಲುತ್ತದೆ. ಈಗ ಬೀದಿಯಲ್ಲಿ ಸಿಗುವುದರಲ್ಲಿ ಎಷ್ಟೋ ಸಲ ಫೆಂಟನಿಲ್ ಅನ್ನುವ ತುಂಬ ತೀಕ್ಷ್ಣ ಓಪಿಯಾಯ್ಡ್ ಬೆರೆತಿರುತ್ತದೆ, ಎರಡನೇ ಅವಕಾಶವೇ ಸಿಗುವುದಿಲ್ಲ. ಮ್ಯಾನೇಜರ್ ‘ಶುದ್ಧ’ ಅಂತ ಕರೆಯುವ ಆ ಸ್ಥಿತಿ ನನ್ನ ತಮ್ಮನಿಗೆ ಎಲ್ಲಕ್ಕಿಂತ ಅಪಾಯದ್ದು. ಊರುಗೋಲು ಅಂತ ಅಣಕಿಸಿದನಂತೆ. ಸರಿ, ಊರುಗೋಲೇ. ಕಾಲು ಮುರಿದವನ ಊರುಗೋಲು ಕಿತ್ತುಕೊಂಡು ‘ಈಗ ನೀನು ಸ್ವತಂತ್ರ’ ಅಂದರೆ ಅವನು ನಡೆಯುತ್ತಾನಾ?

ಒಂದು ಮಾತು ಸ್ಪಷ್ಟ ಮಾಡಬೇಕು. ‘ಕುಡಿದರೆ ಹೊರಗೆ’ ಅನ್ನುವ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬ ಬಾಟಲಿ ತಂದರೆ ಮನೆಯಲ್ಲಿರುವ ಉಳಿದವರೆಲ್ಲ ಅಪಾಯಕ್ಕೆ ಬೀಳುತ್ತಾರೆ, ಅದು ಅರ್ಥವಾಗುತ್ತದೆ. 1975ರಲ್ಲಿ ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಇಂಥದ್ದೇ ಮನೆಗಳ ಜಾಲವಾದ ‘ಆಕ್ಸ್‌ಫರ್ಡ್ ಹೌಸ್’ನ ಮೊದಲ ಮನೆ ಶುರುವಾದಾಗಿನಿಂದಲೂ ಅದು ಗಟ್ಟಿ ನಿಯಮ. ಅಲ್ಲಿ ಸಿಬ್ಬಂದಿಯೇ ಇಲ್ಲ, ಇರುವವರೇ ತಮ್ಮಲ್ಲಿ ಕೆಲವರನ್ನು ಪದಾಧಿಕಾರಿಗಳಾಗಿ ಆರಿಸಿಕೊಂಡು, ಖರ್ಚು ಹಂಚಿಕೊಂಡು ಮನೆ ನಡೆಸುತ್ತಾರೆ. ಚೆಂದದ ವ್ಯವಸ್ಥೆ. ಇಂಥ ಮನೆಗಳು ಬೇಕು ಅಂತಲೇ ನಾನು ಇಷ್ಟು ಕೂಗಾಡುತ್ತಿರುವುದು.

ತಮ್ಮನಿಗೆ ಆ ಮನೆ ಬೇಕಿತ್ತು. ಅಲ್ಲಿ ಒಬ್ಬರಿಗೆ ರಾತ್ರಿ ಕೆಟ್ಟ ಕನಸು ಬಿದ್ದು ಕೂಗಿಕೊಂಡರೆ ಉಳಿದವರು ಹತ್ತಿರ ಹೋಗಿ ಮೈ ಮುಟ್ಟುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, ದೀಪ ಹಾಕಿ, ಮೆಲ್ಲಗೆ ಹೆಸರು ಕರೆಯುತ್ತಿದ್ದರು. ಮುಟ್ಟಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಯಾರೂ ಯಾರಿಗೂ ವಿವರಿಸಬೇಕಿರಲಿಲ್ಲ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ಪಟಾಕಿ ರಾತ್ರಿ ಎಲ್ಲರೂ ಕಿಟಕಿ ಮುಚ್ಚಿ, ಟಿವಿ ಜೋರಾಗಿಟ್ಟು, ಒಂದೇ ಕೋಣೆಯಲ್ಲಿ ಇಸ್ಪೀಟು ಆಡಿದರಂತೆ. ನಾನು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ನನಗದು ಬರುವುದಿಲ್ಲ.

‘ಸರ್ಕಾರ ಬಾಡಿಗೆಗೆ ವೋಚರ್ ಕೊಡುತ್ತಲ್ಲ, ಒಬ್ಬನೇ ಇರಲಿ’ ಅಂತ ಕೆಲವರು ಹೇಳುತ್ತಾರೆ. ಮನೆಯಿಲ್ಲದ ಮಾಜಿ ಸೈನಿಕರಿಗೆ ಹಡ್-ವ್ಯಾಶ್ ಅಂತ ಒಂದು ಯೋಜನೆ ಇದೆ, ನಿಜ. ಬಾಡಿಗೆಗೆ ನೆರವೂ ಇದೆ, ಕೇಸ್ ಮ್ಯಾನೇಜರೂ ಇರುತ್ತಾರೆ, ಕುಡಿತ ಬಿಟ್ಟಿರಲೇಬೇಕು ಅನ್ನುವ ಷರತ್ತೂ ಇಲ್ಲ. ಎಷ್ಟೋ ಜನರ ಜೀವ ಉಳಿಸಿದೆ. ಆದರೆ ಇವನಿಗೆ ಬೇಕಾಗಿರುವುದು ಬರೀ ನಾಲ್ಕು ಗೋಡೆ ಅಲ್ಲ. ಕುಡಿಯದ ನಾಲ್ಕು ಜನ ಜೊತೆಗಿರುವ ಮನೆ. ಅದು ಬೇರೆ, ಇದು ಬೇರೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರುವುದು ಇಲ್ಲಿ. ಇಂಥ ಮನೆ ಬೇಡ ಅಂತ ಅಕ್ಕಪಕ್ಕದವರು, ಊರಿನ ಆಡಳಿತದವರು ಗಲಾಟೆ ಮಾಡುವುದು ಮಾಮೂಲು. ಆಗ ಈ ಮನೆಗಳು ಯಾವ ಕಾನೂನಿನ ಹಿಂದೆ ನಿಲ್ಲುತ್ತವೆ ಗೊತ್ತಾ? ಫೇರ್ ಹೌಸಿಂಗ್ ಆಕ್ಟ್, ಅಂದರೆ ಮನೆ ಕೊಡುವುದರಲ್ಲಿ ತಾರತಮ್ಯ ಮಾಡಬಾರದು ಅನ್ನುವ ಕಾನೂನು. 1988ರಲ್ಲಿ ಅದಕ್ಕೆ ಅಂಗವಿಕಲರ ರಕ್ಷಣೆ ಸೇರಿತು. ಚಟದಿಂದ ಚೇತರಿಸಿಕೊಳ್ಳುತ್ತಿರುವವರಿಗೂ ಆ ರಕ್ಷಣೆ ಸಿಗುತ್ತದೆ. 1995ರಲ್ಲಿ ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ನಗರ ‘ಒಂದು ಮನೆಯಲ್ಲಿ ಇಷ್ಟೇ ಜನ ಇರಬೇಕು’ ಅನ್ನುವ ತನ್ನ ನಿಯಮಕ್ಕೆ ಈ ಕಾನೂನು ತಾಗಲ್ಲ ಅಂತ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲಿ ಗೆದ್ದಿದ್ದು ಆಕ್ಸ್‌ಫರ್ಡ್ ಹೌಸ್. ಅಂದರೆ ಒಳಗಿರುವ ಇಂಥ ಹುಡುಗರ ಹೆಸರಿನಲ್ಲಿ ಈ ಮನೆಗಳು ಉಳಿದಿವೆ. ಅದೇ ಹುಡುಗ ಡಾಕ್ಟರ್ ಬರೆದ ಔಷಧಿ ತಗೊಂಡರೆ ಮನೆಯವರೇ ಅವನನ್ನು ಹೊರಗೆ ಹಾಕುತ್ತಾರೆ! ಡಾಕ್ಟರ ಉಸ್ತುವಾರಿಯಲ್ಲಿ ಈ ಔಷಧಿ ತಗೊಳ್ಳುವವರನ್ನು ಅದೇ ಕಾರಣಕ್ಕೆ ದೂರ ಇಡುವುದು ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧ ಅಂತ ನ್ಯಾಯ ಇಲಾಖೆ 2022ರ ಏಪ್ರಿಲ್‌ನಲ್ಲಿ ಬರೆದೇ ಹೇಳಿದೆ. ಇದನ್ನು ಪ್ರಿಂಟ್ ಮಾಡಿ ಮಾಲೀಕನ ಕೈಗೆ ಕೊಟ್ಟೆ. ಓದಲೂ ಇಲ್ಲ, ಮಡಚಿ ಜೇಬಿಗೆ ಹಾಕಿಕೊಂಡ.

ಕೇಳುವವರು ಯಾರು? ಬಹಳ ರಾಜ್ಯಗಳಲ್ಲಿ ಇಂಥ ಮನೆ ತೆರೆಯಲು ಲೈಸೆನ್ಸೇ ಬೇಕಿಲ್ಲ. ಸರ್ಟಿಫಿಕೇಟ್ ಬೇಕಾದರೆ ತಗೊಳ್ಳಬಹುದು, ಬೇಡವಾದರೆ ಬಿಡಬಹುದು. ಬಾವುಟ ನೆಟ್ಟು ‘ವೀರರಿಗಾಗಿ’ ಅಂತ ಬೋರ್ಡ್ ಹಾಕಿದರೆ ಆಯಿತು.

ಇನ್ನು ನಮ್ಮವರು. ನೆಂಟರು, ಸ್ನೇಹಿತರು. ‘ಪಾಪ, ಇನ್ನೂ ಮಾತ್ರೆ ಮೇಲೇ ಇದ್ದಾನಾ? ಪೂರ್ತಿ ಬಿಟ್ಟರೆ ತಾನೇ ವಾಸಿಯಾದ ಹಾಗೆ? ಮನಸ್ಸು ಗಟ್ಟಿ ಮಾಡಬೇಕು.’ ಮನಸ್ಸು ಗಟ್ಟಿ ಇಲ್ಲದವನು ಅಲ್ಲಿಗೆ ಹೋಗಿ ಬಂದನಾ? ದಯವಿಟ್ಟು ಅವನ ಎದುರಿಗೆ ಈ ಮಾತು ಆಡಬೇಡಿ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಂಘದವರೇ ತಮ್ಮ ಸದಸ್ಯರಿಗೆ ‘ಯಾರೂ ಡಾಕ್ಟರಿಕೆ ಮಾಡಬೇಡಿ’ ಅಂತ ಅಚ್ಚು ಹಾಕಿ ಹಂಚುತ್ತಾರೆ. ನಿಮಗೂ ಅದೇ ಕೇಳಿಕೊಳ್ಳುತ್ತೇನೆ.

ಈಗ ತಮ್ಮ ನಮ್ಮ ಮನೆಯಲ್ಲಿದ್ದಾನೆ. ಡೋಸ್ ಬದಲಾಗಿಲ್ಲ. ವಸತಿ ಇಲಾಖೆಗೆ, ಅಂದರೆ ಹಡ್‌ಗೆ, ದೂರು ಬರೆಯುತ್ತಿದ್ದೇವೆ. ಘಟನೆ ಆದ ಒಂದು ವರ್ಷದೊಳಗೆ ಕೊಡಬೇಕು, ಕೊಡುತ್ತೇವೆ. ಠೇವಣಿ ಇನ್ನೂ ವಾಪಸ್ ಬಂದಿಲ್ಲ. ‘ನಿಯಮ ಮುರಿದು ಹೋದವರಿಗೆ ಕೊಡಲ್ಲ’ ಅಂತಾರೆ. ಯಾವ ನಿಯಮ? ಸಹಿ ಹಾಕಿದ ಕಾಗದದಲ್ಲಿ ಅಂಥದ್ದೊಂದು ಸಾಲೂ ಇಲ್ಲ, ಹುಡುಕಿ ಹುಡುಕಿ ನೋಡಿದ್ದೇನೆ.

ನಿಮ್ಮ ಮನೆಯವರನ್ನು ಅಲ್ಲಿ ಇಂಥ ಕಡೆ ಸೇರಿಸುವುದಿದ್ದರೆ, ದುಡ್ಡು ಕೊಡುವ ಮೊದಲು ಔಷಧಿಯ ಹೆಸರು, ಡೋಸ್ ಎರಡನ್ನೂ ಹೇಳಿ, ‘ಡಾಕ್ಟರ್ ಹೇಳುವವರೆಗೆ ಇಳಿಸಲು ಒತ್ತಾಯ ಮಾಡಲ್ಲ’ ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಒಪ್ಪಬೇಡಿ, ಮ್ಯಾನೇಜರ್ ಯಾವಾಗ ಬದಲಾಗುತ್ತಾನೋ ಗೊತ್ತಿಲ್ಲ. ಬರೆದುಕೊಡಲ್ಲ ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಇಂಥ ಔಷಧಿ ತಗೊಳ್ಳುವವರನ್ನು ಮರ್ಯಾದೆಯಿಂದ ಇಟ್ಟುಕೊಳ್ಳುವ, ಮಾಜಿ ಸೈನಿಕರೇ ಇರುವ ಒಳ್ಳೆಯ ಮನೆ ಯಾರಿಗಾದರೂ ಗೊತ್ತಿದ್ದರೆ ನನಗೆ ಹೇಳಿ. ಎಷ್ಟು ದೂರವಾದರೂ ಸರಿ, ನಾನೇ ಹೋಗಿ ನೋಡಿ ಬರುತ್ತೇನೆ.