ಬೆಂಡಿನ ಮೇಲೆ ಕಣ್ಣು

ಹೊಳೆಯ ದಂಡೆಯಲ್ಲಿ ಗಾಳ ಹಾಕಿ ಕುಳಿತವನನ್ನು ಮಾತಾಡಿಸದೆ ಮುಂದೆ ಹೋಗುವ ಸಂಯಮ ನಮ್ಮ ಮಲೆನಾಡಿನಲ್ಲಿ ಯಾರಿಗೂ ಇದ್ದಂತಿಲ್ಲ. ಬಂದವರೆಲ್ಲರ ಮೊದಲ ಪ್ರಶ್ನೆ "ಏನಾದ್ರೂ ಬಿತ್ತಾ?" ಎಂಬುದೇ. ಬಿದ್ದಿದೆ ಎಂದರೆ ಚೀಲ ಬಿಚ್ಚಿ ತೋರಿಸಬೇಕು. ಇಲ್ಲ ಎಂದರೆ ಸಲಹೆ ಕೇಳಿಸಿಕೊಳ್ಳಬೇಕು. ಇಲ್ಲಿ ಮೀನಿಲ್ಲ, ಮೇಲಿನ ಗುಂಡಿಗೆ ಹೋಗಿ ಎನ್ನುವವರು, ಎರೆಹುಳು ಬೇಡ, ಗೋಧಿಹಿಟ್ಟು ಕಟ್ಟಿ ಎನ್ನುವವರು, ಅಮಾವಾಸ್ಯೆಯ ಹಿಂದುಮುಂದು ನೋಡಿಕೊಂಡು ಬರಬೇಕಿತ್ತು ಎನ್ನುವವರು, ಹೀಗೆ ಒಬ್ಬೊಬ್ಬರದೂ ಒಂದೊಂದು ಶಾಸ್ತ್ರ. ಇವರೆಲ್ಲ ಹೋದ ಮೇಲೆ ಊರಿನ ಹಿರಿಯರೊಬ್ಬರು ಬಂದು, ಏನನ್ನೂ ಕೇಳದೆ ಸ್ವಲ್ಪ ಹೊತ್ತು ನಿಂತು, ಬೇರೆ ಕಸುಬಿಲ್ಲವೇನೋ ಎಂಬ ಅರ್ಥ ಬರುವ ಹಾಗೆ ಒಮ್ಮೆ ಕೆಮ್ಮಿ ಹೊರಟುಹೋಗುತ್ತಾರೆ.

ಹೊತ್ತು ಕಳೆಯಲು ಬೇರೆ ದಾರಿ ಕಾಣದವನು, ಮನೆಯಲ್ಲಿ ಹೇಳಿದ ಕೆಲಸಕ್ಕೆ ಒದಗದವನು, ನೀರಿಗೆ ದಾರ ಬಿಟ್ಟುಕೊಂಡು ಕೂರುತ್ತಾನೆ ಎಂಬುದು ಆ ಕೆಮ್ಮಿನ ಹಿಂದಿರುವ ತೀರ್ಮಾನ. ಅದೇ ದಂಡೆಯಲ್ಲಿ, ಅದೇ ಬಂಡೆಯ ಮೇಲೆ, ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದು ಬೆಳಗಿನಿಂದ ಮಧ್ಯಾಹ್ನದವರೆಗೆ ಮಿಂಚುಳ್ಳಿಗಾಗಿ ಕಾಯುವವನನ್ನು ಯಾರೂ ಹಾಗೆ ಕಾಣುವುದಿಲ್ಲ, ಅವನು ನಿಸರ್ಗಪ್ರೇಮಿ. ಅವನು ತೆಗೆದ ಚಿತ್ರದಲ್ಲಿ ಮಿಂಚುಳ್ಳಿ ಮೀನನ್ನು ಕೊಕ್ಕಿನಲ್ಲಿ ಹಿಡಿದಿರುತ್ತದೆ, ಕೊಂಬೆಗೆ ಬಡಿದು ಕೊಲ್ಲುತ್ತದೆ, ತಲೆಯ ಕಡೆಯಿಂದ ನುಂಗುತ್ತದೆ, ನೋಡಿದವರೆಲ್ಲ ಎಂಥ ಸೊಗಸು ಎನ್ನುತ್ತಾರೆ. ನಾನು ಮಾಡುವುದೂ ಅದನ್ನೇ. ನೀಲಿ ರೆಕ್ಕೆಯಿಲ್ಲದಿರುವುದೊಂದೇ ನನ್ನ ಕೊರತೆ.

ಗಾಳದವನಿಗೆ ಈ ಕೆಮ್ಮಿನ ಮರ್ಯಾದೆ ಮೊದಲಿನಿಂದಲೂ ಇದ್ದದ್ದೆಂದು ಹೇಳಲಾಗದು. 12ನೆಯ ಶತಮಾನದ ಮೊದಲರ್ಧದಲ್ಲಿ, ಇಂದು ನಾವು ಬಸವಕಲ್ಯಾಣ ಎಂದು ಕರೆಯುವ ಊರಿನಿಂದ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ, ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಅರಸನಿಗೆ ತಕ್ಕ ವಿನೋದಗಳನ್ನು ವಿವರಿಸುತ್ತ ಆನೆಗಳ ಕಾಳಗ, ಮಲ್ಲಯುದ್ಧಗಳ ಸಾಲಿನಲ್ಲೇ ಮೀನು ಹಿಡಿಯುವ ವಿನೋದವನ್ನೂ ಇಟ್ಟಿದ್ದಾನೆ. ಮೀನುಗಳ ಬಗೆಗಳು, ಅವುಗಳಿಗೆ ಹಾಕುವ ಆಹಾರ, ದಾರ, ಕೊಕ್ಕೆ, ಕೋಲು ಎಲ್ಲವೂ ಅಲ್ಲಿವೆ. ಅದೇ ಗ್ರಂಥದ ಅಡುಗೆಯ ಭಾಗದಲ್ಲಿ ಮೀನನ್ನು ತುಂಡರಿಸಿ ಹುಣಸೆಯ ರಸದಲ್ಲಿ ಬೇಯಿಸುವ ಕ್ರಮವೂ ಇದೆ. ಇಷ್ಟನ್ನೆಲ್ಲ ದೊರೆಗೆ ಕಲಿಸಿದವರು ಯಾವುದೋ ಕೆರೆಯ ಬೆಸ್ತರೇ ಇರಬೇಕೆಂಬುದು ನನ್ನ ಊಹೆ. ಅರಸ ಮಾಡಿದರೆ ವಿನೋದ, ಬೆಸ್ತ ಮಾಡಿದರೆ ಕುಲಕಸುಬು, ನನ್ನಂಥವನು ಮಾಡಿದರೆ ಕೆಮ್ಮು: ಮೂವರ ಕೊಕ್ಕೆಯೂ ಒಂದೇ ಆಕಾರದ್ದು.

ಸುಮ್ಮನೆ ಕೂರುವುದು ಸೋಮಾರಿತನವೆಂದು ತಿಳಿದವರಿಗೆ ಮೀನಿನ ಮೈಯ ಪರಿಚಯವಿಲ್ಲ. ಕಿವಿರಿನ ಹಿಂಬದಿಯಿಂದ ಬಾಲದವರೆಗೆ ಎರಡೂ ಪಕ್ಕದಲ್ಲಿ ಸಣ್ಣ ಚುಕ್ಕಿಗಳ ಒಂದು ಗೆರೆ ಹರಿದಿರುತ್ತದೆ. ನೀರಿನ ಅತಿ ನವಿರಾದ ಅದುರುವಿಕೆಯನ್ನೂ ಮೀನು ಆ ಪಾರ್ಶ್ವರೇಖೆಯಿಂದ ಅರಿಯುತ್ತದೆ. ದಂಡೆಯ ಮೇಲೆ ಚಪ್ಪಲಿ ಕುಟ್ಟಿಕೊಂಡು ಸಲಹೆ ಕೊಡಲು ಬಂದವರು ಹೋದ ಮೇಲೆ ಬಹಳ ಹೊತ್ತು ಏನೂ ಕಚ್ಚದಿರುವುದಕ್ಕೆ ಕಾರಣ ನನ್ನ ಎರೆಯಲ್ಲ, ಅವರ ಹೆಜ್ಜೆ.

ಇನ್ನು ಬೆಂಡು. ಹಿಂದೆ ನವಿಲುಗರಿಯ ದಂಟನ್ನು ಕಟ್ಟುತ್ತಿದ್ದರು. ಈಗ ಹೆಚ್ಚಿನವರು ಹಳೆಯ ಹವಾಯಿ ಚಪ್ಪಲಿಯಿಂದ ಬೆರಳಿನ ತುದಿಯಷ್ಟು ತುಂಡು ಕತ್ತರಿಸಿ ತಂಗೂಸಿಗೆ ಪೋಣಿಸುತ್ತಾರೆ, ಅದೂ ಚೆನ್ನಾಗಿಯೇ ತೇಲುತ್ತದೆ. ನೀರಿನೊಳಗೆ ನಡೆಯುವುದನ್ನು ನೀರಿನ ಮೇಲೆ ತಿಳಿಸುವ ಸಾಧನ ಅದೊಂದೇ. ಪಕ್ಕೆ ಮರಿಗಳು ಕುಟುಕಿದರೆ ಬೆಂಡು ನಿಂತಲ್ಲೇ ನಡುಗುತ್ತದೆ. ಹುಳು ಖಾಲಿಯಾಗುತ್ತಿದೆ ಎಂದು ತಿಳಿಯಬೇಕೇ ಹೊರತು ಕೋಲು ಎತ್ತಬಾರದು. ಏಡಿ ಹಿಡಿದರೆ ಅದು ಮುಳುಗುವುದೂ ಇಲ್ಲ, ನಿಲ್ಲುವುದೂ ಇಲ್ಲ, ಒಂದು ಕಡೆಗೆ ವಾಲಿಕೊಂಡು ಜಾರುತ್ತದೆ. ಗೆಂಡೆ ಮೀನು ತಳದಲ್ಲಿ ಬಿದ್ದ ಎರೆಯನ್ನು ಬಾಯಿಗೆ ಹೀರಿಕೊಂಡು ತಲೆಯೆತ್ತಿದಾಗ ದಾರದ ಭಾರ ಕಳೆದು, ಬೆಂಡು ಮುಳುಗುವ ಬದಲು ಮೇಲೆದ್ದು ನೀರಿನ ಮೇಲೆ ಅಡ್ಡ ಮಲಗುತ್ತದೆ. ಹೊಸಬರು ಮುಳುಗಲಿ ಎಂದು ಕಾಯುತ್ತಾರೆ, ಅಷ್ಟರಲ್ಲಿ ಮೀನು ಹುಳುವನ್ನು ಉಗಿದು ಹೋಗಿರುತ್ತದೆ. ಮೀಸೆಯ ಮೀನುಗಳು ಮೀಸೆಯಿಂದಲೇ ರುಚಿ ನೋಡಬಲ್ಲವಾದ್ದರಿಂದ ಕೆಂಪು ನೀರಿನಲ್ಲೂ ಕತ್ತಲಿನಲ್ಲೂ ಎರೆಯನ್ನು ಹುಡುಕಿಕೊಂಡು ಬರುತ್ತವೆ. ಇಷ್ಟನ್ನು ಗಮನಿಸುವವನ ಕಣ್ಣು ಬೆಂಡಿನ ಮೇಲಿದ್ದರೂ, ಎದುರು ದಂಡೆಯ ಹೊಳೆಮತ್ತಿಯ ಬೇರಿನ ನಡುವೆ ನೀರುನಾಯಿ ತಲೆ ಎತ್ತಿದ್ದು, ನೀರುಕಾಗೆ ಮುಳುಗಿದ ಕಡೆ ಒಂದಾದರೆ ಎದ್ದ ಕಡೆ ಇನ್ನೊಂದಾಗಿದ್ದು, ಯಾವುದೂ ತಪ್ಪುವುದಿಲ್ಲ. ಹೊಳೆ ನೋಡಲೆಂದೇ ಬಂದವರು ಇಷ್ಟು ಹೊತ್ತು ಹೊಳೆ ನೋಡಿದ್ದನ್ನು ನಾನು ಕಂಡಿಲ್ಲ.

ಕೊರಮೀನಿನ ಸಂಗತಿ ಬೇರೆ. ಮುಳ್ಳು ಕಡಿಮೆ, ಮಾಂಸ ಗಟ್ಟಿ. ಗಾಳಿಯನ್ನೂ ಉಸಿರಾಡಬಲ್ಲದ್ದರಿಂದ ಸಂತೆಯ ಬಕೆಟ್ಟಿನ ಚೋಟು ನೀರಿನಲ್ಲೂ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಹೀಗಾಗಿ ಅದಕ್ಕೆ ಬೆಲೆಯೂ ಹೆಚ್ಚು. ಮರಿ ಮಾಡಿದ ಕೊರಮೀನು ಮರಿಗಳ ಹಿಂಡನ್ನು ಬಿಟ್ಟು ಕದಲುವುದಿಲ್ಲ. ಕೆಂಬಣ್ಣದ ನೂರಾರು ಮರಿಗಳು ಉಸಿರಿಗಾಗಿ ಒಟ್ಟಿಗೆ ಮೇಲೆ ಬಂದಾಗ ಅಲ್ಲಿ ಒಂದು ಮೊರದಗಲ ನೀರು ಒಲೆಯ ಮೇಲಿನ ಎಸರಿನಂತೆ ಕುದಿಯುತ್ತದೆ, ಅದರ ಕೆಳಗೇ ತಾಯಿಯೋ ತಂದೆಯೋ ಕಾವಲಿರುತ್ತದೆ. ಆ ಜಾಗಕ್ಕೆ ಕಪ್ಪೆ ಕಟ್ಟಿದ ಗಾಳ ಬಿಟ್ಟರೆ ಅದು ಹಾರಿ ಬಂದು ಕಚ್ಚುವುದು ಹಸಿವಿನಿಂದಲ್ಲ, ಮರಿಗಳ ಕಾಳಜಿಯಿಂದ. ಇದನ್ನು ದೊಡ್ಡ ಜಾಣತನವೆಂದು ಹೇಳಿಕೊಳ್ಳುವವರನ್ನು ನಾನು ಬಲ್ಲೆ. ಹಸಿದ ಮೀನಿಗೆ ಹುಳು ತೋರಿಸುವುದಕ್ಕೆ ನನ್ನ ಮನಸ್ಸು ಒಪ್ಪಿದೆ, ಇದಕ್ಕೆ ಕೈ ಬರುವುದಿಲ್ಲ.

ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆ ಕೆಂಪಾಗಿ ಏರಿದಾಗ, ಮೊಟ್ಟೆ ತುಂಬಿದ ಮೀನುಗಳು ಹಳ್ಳ, ತೋಡುಗಳನ್ನು ಹತ್ತಿ ಗದ್ದೆಗಳವರೆಗೆ ಬರುತ್ತವೆ. ಹತ್ತುಮೀನು ಎಂದರೆ ಸಾಕು, ಊರಿಗೆ ಊರೇ ಬ್ಯಾಟರಿ, ಕತ್ತಿ, ಕೂಣಿ ಹಿಡಿದು ಮಳೆಯಲ್ಲಿ ಇಳಿಯುತ್ತದೆ, ಮತ್ತು ಉಳಿದ ದಿನ ನನ್ನನ್ನು ನೋಡಿ ಕೆಮ್ಮುವವರೂ ಆ ರಾತ್ರಿ ಮೊಣಕಾಲುದ್ದ ನೀರಿನಲ್ಲಿರುತ್ತಾರೆ. ಕಡಲಿಗೆ ಒಂದು ರಜೆಯಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲೇ ನಿಲ್ಲುತ್ತವೆ. ಗದ್ದೆ ಹತ್ತುವ ಮೀನಿಗೆ ಅಂಥ ರಜೆ ಕೊಡುವ ಮನಸ್ಸು ಮಲೆನಾಡಿಗೆ ಇನ್ನೂ ಬಂದಿಲ್ಲ.

ಹಿಡಿದ ಮೀನನ್ನು ಮನೆಗೆ ತಂದರೆ ಅರ್ಧ ಕೆಲಸ ಮುಗಿದಂತೆ. ಜಾರುವ ಮೀನನ್ನು ಒಲೆಯ ಬೂದಿಯಲ್ಲಿ ಹೊರಳಿಸಿ ಒರಟು ಕಲ್ಲಿನ ಮೇಲೆ ಉಜ್ಜಬೇಕು. ಬೂದಿ ಲೋಳೆಯನ್ನು ಹಿಡಿದುಕೊಂಡು ಹೋಗುತ್ತದೆ. ಆಮೇಲೂ ಕೆರೆಯ ಮೀನಿಗೆ ಒಂದು ಮಣ್ಣಿನ ವಾಸನೆ ಉಳಿಯುತ್ತದೆ, ಕರಾವಳಿಯ ನೆಂಟರು ನಮ್ಮ ಸಾರಿಗೆ ಮೂಗು ಮುರಿಯುವುದು ಇದೇ ಕಾರಣಕ್ಕೆ. ಈ ವಾಸನೆಯ ಮೂಲ ಜಿಯೋಸ್ಮಿನ್ ಎಂಬ ವಸ್ತು. ಮಣ್ಣಿನ ಮತ್ತು ನೀರಿನ ಸೂಕ್ಷ್ಮಜೀವಿಗಳು ಅದನ್ನು ಉಂಟುಮಾಡುತ್ತವೆ. ಒಣಗಿದ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಪರಿಮಳದಲ್ಲಿರುವುದೂ ಅದೇ ಜಿಯೋಸ್ಮಿನ್. ಮಣ್ಣಿನಿಂದ ಎದ್ದರೆ ಕವಿತೆ ಬರೆಯುವವರು ಸಾರಿನಿಂದ ಎದ್ದರೆ ತಟ್ಟೆ ದೂಡುತ್ತಾರೆ. ಹುಳಿ ಬಿದ್ದರೆ ಈ ವಸ್ತು ಕೆಡುತ್ತದೆ ಎಂದು ರಸಾಯನಶಾಸ್ತ್ರ ಹೇಳುವ ಮೊದಲೇ ನಮ್ಮ ಅಡುಗೆಮನೆಗಳು ಹುಣಸೆಯನ್ನೋ ವಾಟೆಹುಳಿಯನ್ನೋ ಕೊಡಗಿನ ಕಾಚಂಪುಳಿಯನ್ನೋ ಮೀನಿಗೆ ಜೋಡಿ ಮಾಡಿದ್ದವು. ಸಾರು ಒಂದು ರಾತ್ರಿ ಕಳೆದ ಮೇಲೆ ಹೆಚ್ಚು ರುಚಿ ಎಂಬ ಮಾತು ನಿಜ, ಆದರೆ ಅದು ಬೆಳಗಿನವರೆಗೆ ಉಳಿದ ಮನೆಗಳು ಕಡಿಮೆ.

ಅಡುಗೆಮನೆಯಿಂದ ಹೊರಟ ಈ ವಾಸನೆ ಬೀದಿಗೆ ಬಂದಾಗ ಬೇರೊಂದು ವಿಚಾರಣೆ ಶುರುವಾಗುತ್ತದೆ. ನಗರದಲ್ಲಿ ಬಾಡಿಗೆಗೆ ಮನೆ ಕೇಳಲು ಹೋದವರಿಗೆ ಇದು ಗೊತ್ತು: ಊರು ಯಾವುದು, ಉದ್ಯೋಗ ಏನು ಎಂಬವುಗಳ ಬೆನ್ನಿಗೆ "ನೀವು ಅಂಥದ್ದೆಲ್ಲ ಮಾಡಲ್ಲ ತಾನೆ?" ಎಂಬ, ಹೆಸರು ಹೇಳದ ಪ್ರಶ್ನೆ ಬರುತ್ತದೆ. ಶುಚಿಯ ಮಾತಿನಂತೆ ಕೇಳಿದರೂ ಅದು ಜಾತಿಯ ವಿಚಾರಣೆ. ಹೀಗೆ ಕೇಳುವವರಿಗೆ ನಾನು ಮಹಾಭಾರತದ ಶಲ್ಯಪರ್ವದ ಸಾರಸ್ವತನ ಕಥೆಯನ್ನು ನೆನಪಿಸಬಯಸುತ್ತೇನೆ. ಹನ್ನೆರಡು ವರ್ಷ ಮಳೆಯಿಲ್ಲದೆ ಬರ ಬಿದ್ದಾಗ ಋಷಿಗಳೆಲ್ಲ ಅನ್ನ ಹುಡುಕಿ ದೇಶಾಂತರ ಹೋದರು. ದಧೀಚಿಯ ಮಗ ಸಾರಸ್ವತ ಮಾತ್ರ, ತಾಯಿ ಸರಸ್ವತೀ ನದಿ ಕೊಟ್ಟ ಮೀನನ್ನು ತಿಂದುಕೊಂಡು ಅಲ್ಲೇ ಉಳಿದು ವೇದ ಹೇಳಿಕೊಂಡಿದ್ದ. ಬರ ಕಳೆದು ಮರಳಿದವರಿಗೆ ವೇದ ಮರೆತುಹೋಗಿತ್ತು, ಅವರೆಲ್ಲ ವಯಸ್ಸಿನಲ್ಲಿ ಕಿರಿಯನಾದ ಅವನಿಗೆ ಶಿಷ್ಯರಾಗಿ ಮತ್ತೆ ಕಲಿಯಬೇಕಾಯಿತು. ಮೀನು ತಿನ್ನುವ ನಮ್ಮ ಕರಾವಳಿಯ ಸಾರಸ್ವತರು ಈ ಕಥೆಯನ್ನು ಹೇಳಿಕೊಳ್ಳುವುದು ಸಹಜ. ಉಳಿದವರೂ ಕೇಳಬಹುದಾದ ಕಥೆ ಅದು.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿನ ಬಳಿ ತೊಡೆಗಾತ್ರದ ಮೀನುಗಳು ಯಾತ್ರಿಕರ ಮಂಡಕ್ಕಿಗೆ ಬಾಯಿ ತೆರೆದು ಮುಗಿಬೀಳುವುದನ್ನು ಎಲ್ಲರೂ ನೋಡಿದ್ದಾರೆ. ತೀರ್ಥಹಳ್ಳಿಯ ಸಮೀಪದ ಚಿಪ್ಪಲಗುಡ್ಡೆಯಲ್ಲೂ ಹೊಳೆಯ ಒಂದು ತುಂಡು ಮೀನುಗಳಿಗೆ ಮೀಸಲು. ಆ ಗಡಿಯೊಳಗೆ ದೇವರ ಮೀನು, ದಾಟಿದರೆ ಸಾರಿನ ಮೀನು; ಗಡಿ ಎಲ್ಲಿದೆಯೆಂದು ಮೀನಿಗೆ ಗೊತ್ತೋ ಇಲ್ಲವೋ, ಗಾಳ ಹಾಕುವವರಿಗಂತೂ ಅಂಗುಲ ಬಿಡದೆ ಗೊತ್ತು, ಅದನ್ನು ಅವರು ಮೀರುವುದಿಲ್ಲ. ನಾನು ಈ ಏರ್ಪಾಡನ್ನು ಹಾಸ್ಯ ಮಾಡಲಾರೆ. ಹೊಳೆಯಲ್ಲಿ ದೊಡ್ಡ ಮೀನು ಉಳಿದಿರುವುದಕ್ಕೆ ಇಂಥ ಭಕ್ತಿಯೂ ಒಂದು ಕಾರಣ. ಆದರೆ ಭಕ್ತಿಯ ಕಾವಲನ್ನೂ ಮೀರಿ ಶಿಶಿಲದ ಮತ್ಸ್ಯತೀರ್ಥದಲ್ಲಿ 1996ರಲ್ಲಿ ದುಷ್ಕರ್ಮಿಗಳು ವಿಷ ಬೆರೆಸಿದ್ದರು, ಸಾವಿರಾರು ಮೀನುಗಳು ಸತ್ತು ತೇಲಿದವು.

ಗಾಳದವರಲ್ಲೂ ಮೇಲುಕೀಳಿದೆ. ಭೀಮೇಶ್ವರಿಯ ಕಡೆ ಕಾವೇರಿಯಲ್ಲಿ ದೇಶವಿದೇಶಗಳ ಹವ್ಯಾಸಿಗಳು ಮಹಶೀರ್ ಹಿಡಿದು, ತೂಗಿ, ಫೋಟೊ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುತ್ತಿದ್ದ ಕಾಲವೊಂದಿತ್ತು. ಅವರ ಕೊಕ್ಕೆಗೆ ಕಟ್ಟುತ್ತಿದ್ದದ್ದು ಬೇಯಿಸಿದ ರಾಗಿಹಿಟ್ಟಿನ ಉಂಡೆ. ಮಂಡ್ಯ ಸೀಮೆಯ ಜನರೂ ಮಹಶೀರೂ ಒಂದೇ ಊಟದವರು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಕಾವೇರಿಯದೇ ಆದ ಆ ಗೂನುಬೆನ್ನಿನ ಮಹಶೀರನ್ನು 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಗಿದೆ. ಅದು ಕ್ಷೀಣಿಸಲು ಒಂದು ಕಾರಣ, ಮೀನು ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಬೇರೆ ಕಡೆ ಬೆಳೆಸಿ ತಂದು ಬಿಟ್ಟ ಇನ್ನೊಂದು ಜಾತಿಯ ಮಹಶೀರ್.

ಹಿಡಿದು ಬಿಡುವುದು ಸಂಸ್ಕಾರ, ಹಿಡಿದು ತಿನ್ನುವುದು ಅನಾಗರಿಕ ಎಂಬ ಭಾವನೆ ಈಗ ಹಬ್ಬುತ್ತಿದೆ. ಅಳಿವಿನಂಚಿನ ಮೀನಿನ ಮಟ್ಟಿಗೆ ನನ್ನ ತಕರಾರಿಲ್ಲ. ಆದರೆ 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಟ್ರೌಟ್ ಮೀನಿನ ತಲೆ ಮತ್ತು ತುಟಿಯ ಭಾಗದಲ್ಲಿ ನೋವಿಗೆ ಸ್ಪಂದಿಸುವ ನರತುದಿಗಳನ್ನು ಗುರುತಿಸಿದ ಮೇಲೆ, ಮೀನಿಗೆ ನೋವಿಲ್ಲ ಎಂದು ನಿಶ್ಚಿಂತೆಯಿಂದಿರುವುದು ಕಷ್ಟ. ನೋವು ಕೊಟ್ಟೇ ಕೊಡುವುದಾದರೆ ಊಟಕ್ಕಾಗಿ ಕೊಡುವುದು ಫೋಟೊಕ್ಕಾಗಿ ಕೊಡುವುದಕ್ಕಿಂತ ಕೀಳೆಂದು ನನಗೆ ಯಾರೂ ಇನ್ನೂ ಮನವರಿಕೆ ಮಾಡಿಕೊಟ್ಟಿಲ್ಲ. ಇಷ್ಟಕ್ಕೂ ಒಂದು ಗಾಳ ಒಂದು ಸಲಕ್ಕೆ ಒಂದೇ ಮೀನನ್ನು ಎತ್ತುತ್ತದೆ. ತೋಟೆ ಸಿಡಿಸುವುದನ್ನೂ ನೀರಿಗೆ ವಿಷ ಹಾಕುವುದನ್ನೂ 1897ರ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದಿದೆ. ಬೇಸಿಗೆಯ ಗುಂಡಿಗಳಲ್ಲಿ ಬ್ಲೀಚಿಂಗ್ ಪೌಡರ್ ಸುರಿದು ಮರಿ, ಏಡಿ, ಸಿಗಡಿ ಸಮೇತ ಗುಂಡಿಯನ್ನೇ ಬರಿದು ಮಾಡುವವರು ಇಂದಿಗೂ ಇದ್ದಾರೆ. ಅವರು ರಾತ್ರಿ ಬರುವುದರಿಂದ ಅವರನ್ನು ನೋಡಿ ಕೆಮ್ಮಲು ಅಲ್ಲಿ ಯಾರೂ ಇರುವುದಿಲ್ಲ.

ಈಚೆಗೆ ನಾನು ಹೊಳೆಗಿಂತ ಕೆರೆಗೇ ಹೆಚ್ಚು ಹೋಗುತ್ತೇನೆ, ಚೀಲದಲ್ಲಿ ಹೆಚ್ಚಾಗಿ ಜಿಲೇಬಿಯೇ ಇರುತ್ತದೆ. ಆಫ್ರಿಕಾ ಮೂಲದ ಈ ತಿಲಾಪಿಯ ಭಾರತಕ್ಕೆ ಬಂದದ್ದು 1952ರಲ್ಲಿ; ಬಂದ ಮೇಲೆ ನಮ್ಮ ಕೆರೆಗಳ ಮೂಲ ಮೀನುಗಳ ಜಾಗವನ್ನು ಅದು ಹಿಡಿದುಕೊಂಡ ಬಗೆಗೆ ದೂರುಗಳು ಬೇಕಾದಷ್ಟಿವೆ. ಹೆಣ್ಣು ಜಿಲೇಬಿ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ ಮತ್ತು ಆ ದಿನಗಳಲ್ಲಿ ಹೆಚ್ಚುಕಡಿಮೆ ಉಪವಾಸವಿರುತ್ತದೆ. ಆದ್ದರಿಂದ ಎರೆಗೆ ಬಾಯಿ ಹಾಕಿದ ಜಿಲೇಬಿಯ ಹಿಂದೆ ಮರಿಗಳಿರುವ ಸಂಭವ ಕಡಿಮೆ, ಕೊರಮೀನಿನ ವಿಷಯದ ಸಂಕಟ ಇಲ್ಲಿಲ್ಲ. ಕೊಕ್ಕೆಯಿಂದ ಬಿಡಿಸುವಾಗ ಅದರ ಬೆನ್ನಿನ ಮುಳ್ಳು ಹೆಬ್ಬೆರಳಿಗೆ ಚುಚ್ಚುತ್ತದೆ, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಅರಿಶಿನ, ಖಾರದ ಪುಡಿ, ಉಪ್ಪು, ಹುಣಸೆಯ ಗಟ್ಟಿ ರಸ ಸವರಿ ಕಾವಲಿಗೆ ಹಾಕಿದರೆ ಸಾಕು. ಅಂಗೈಗಿಂತ ದೊಡ್ಡದಾದರೆ ಮಾತ್ರ ಎರಡೂ ಪಕ್ಕಕ್ಕೆ ಮೂರು ಮೂರು ಗೀರು ಕೊಯ್ದುಕೊಳ್ಳಬೇಕು, ಇಲ್ಲವಾದರೆ ಉಪ್ಪು ಒಳಗೆ ಇಳಿಯುವುದಿಲ್ಲ.