ಸೇಂಟ್ ಮ್ಯಾಥ್ಯೂ ದ್ವೀಪದ ಹಿಮಸಾರಂಗಗಳನ್ನು ಕೊಂದದ್ದು ಚಳಿಗಾಲವೇ?

ಅಲಾಸ್ಕಾ ಕರಾವಳಿಯಿಂದ 300 ಕಿ.ಮೀ.ಗೂ ದೂರದಲ್ಲಿ, ಬೇರಿಂಗ್ ಸಮುದ್ರದ ನಡುವೆ, ಜನವಸತಿಯೇ ಇಲ್ಲದ ಒಂದು ಉದ್ದನೆಯ ದ್ವೀಪವಿದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಕರಾವಳಿ ಕಾವಲು ಪಡೆ ಅಲ್ಲೊಂದು ರೇಡಿಯೋ ಠಾಣೆ ಇಟ್ಟಿತ್ತು. ಕಷ್ಟಕಾಲಕ್ಕೆ ಸಿಬ್ಬಂದಿಗೆ ಮಾಂಸವಾದರೂ ಇರಲಿ ಎಂದು 1944ರ ಆಗಸ್ಟಿನಲ್ಲಿ 29 ಹಿಮಸಾರಂಗಗಳನ್ನು ತಂದು ಬಿಟ್ಟರು. ಯುದ್ಧ ಮುಗಿಯಿತು, ಜನ ಹೊರಟುಹೋದರು, ಪ್ರಾಣಿಗಳು ಉಳಿದವು. 1957ರಲ್ಲಿ ಜೀವಶಾಸ್ತ್ರಜ್ಞ ಡೇವಿಡ್ ಕ್ಲೈನ್ ಎಣಿಸಿದಾಗ 1,350 ಇದ್ದವು, 1963ರ ಬೇಸಿಗೆಯಲ್ಲಿ 6,000. 1966ರಲ್ಲಿ ಅವರು ಮತ್ತೆ ಹೋದಾಗ ಜೀವಂತವಾಗಿದ್ದವು 42.

ಪರ: ಹೌದು, ಚಳಿಗಾಲವೇ

ಆ ನೆಲದ ಹವಾಮಾನ ಎಂಥದು ಎಂದು ತಿಳಿಯದೆ ಈ ಸಾವುಗಳ ಬಗ್ಗೆ ಮಾತಾಡುವಂತಿಲ್ಲ. ದ್ವೀಪ ಇರುವುದು ಸುಮಾರು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಓಸ್ಲೋ, ಹೆಲ್ಸಿಂಕಿ ಕೂಡ ಹೆಚ್ಚುಕಡಿಮೆ ಅಲ್ಲೇ. ಆ ಊರುಗಳ ಸುತ್ತ ದಟ್ಟ ಕಾಡಿದೆ, ಇಲ್ಲಿ ಹುಡುಕಿದರೂ ಒಂದು ಮರ ಸಿಗದು. ಸುತ್ತಲಿನ ತಣ್ಣನೆಯ ಸಮುದ್ರ ಬೇಸಿಗೆಯನ್ನು ಬೆಚ್ಚಗಾಗಲು ಬಿಡುವುದಿಲ್ಲ, ಮೇಲಿಂದ ಮೇಲೆ ಮಂಜು ಬಂದು ಕವಿಯುತ್ತದೆ. ಚಳಿಗಾಲದಲ್ಲಿ ಆ ಸಮುದ್ರವೇ ಹೆಪ್ಪುಗಟ್ಟಿ, ತಡೆಯುವ ಮರಗಿಡವಿಲ್ಲದ ಬಯಲಿನ ಮೇಲೆ ಗಾಳಿ ಬೀಸುತ್ತದೆ.

ಹಿಮಸಾರಂಗ ಚಳಿಗಾಲದಲ್ಲಿ ಹೇಗೆ ಮೇಯುತ್ತದೆ ಗೊತ್ತೇ? ಮೂತಿಯನ್ನು ಹಿಮಕ್ಕೆ ತಾಗಿಸಿ, ಕೆಳಗೆ ಮೇವಿನ ವಾಸನೆ ಸಿಕ್ಕರೆ ಮುಂಗಾಲಿನ ಗೊರಸಿನಿಂದ ಕೆರೆದು ಗುಂಡಿ ಮಾಡುತ್ತದೆ. ಪುಡಿಹಿಮವಾದರೆ ಸಲೀಸು. ಗಾಳಿ ಬಡಿದು ಗಟ್ಟಿಯಾದ ಆಳದ ಹಿಮವಾದರೆ, ತಿಂದ ಮೇವಿಗಿಂತ ಕೆರೆಯಲು ಸುಟ್ಟ ಕೊಬ್ಬೇ ಹೆಚ್ಚು. 1963-64ರ ಚಳಿಗಾಲದ ಕೊನೆಗೆ ಬಿದ್ದದ್ದು ಮಿತಿಮೀರಿದ ಹಿಮ. ಮುಂದೆ ಕ್ಲೈನ್ ಅವರೇ ಹವಾಮಾನ ತಜ್ಞರ ಜೊತೆ ಕೂತು ಆ ವರ್ಷದ ದಾಖಲೆಗಳನ್ನು ಮತ್ತೆ ತೆಗೆದು ನೋಡಿದಾಗಲೂ ಅದು ಅಸಾಧಾರಣ ಕಠೋರ ಚಳಿಗಾಲವೆಂದೇ ಕಂಡುಬಂತು.

1963ರ ಬೇಸಿಗೆಗೆ ಅವು ಸೊರಗಿದ್ದವಲ್ಲ ಎನ್ನುತ್ತಾರೆ. ನಿಜ. ಆದರೆ ಸೊರಗಿ ಬಂದು ನಿಂತದ್ದು ಸಾಕಿದ ಮಂದೆಗಳ ಹಿಮಸಾರಂಗಗಳ ತೂಕಕ್ಕೆ, ಅಷ್ಟೆ. ಆ ಮಂದೆಗಳು ಅದೇ ಮೈಕಟ್ಟಿನಲ್ಲಿ ವರ್ಷವರ್ಷವೂ ಚಳಿಗಾಲ ದಾಟುತ್ತವೆ. ಸಾಮಾನ್ಯ ಚಳಿಗಾಲ ಬಂದಿದ್ದರೆ ಇವುಗಳಲ್ಲೂ ಎಷ್ಟೋ ಬದುಕುತ್ತಿದ್ದವು.

ವಿರೋಧ: ಅಲ್ಲ, ನೆಲ ಆಗಲೇ ಬರಿದಾಗಿತ್ತು

ಬಿಸಿಬೇಳೆ ಬಾತಿನ ಪುಡಿಗೆ ಎಷ್ಟೋ ಮನೆಗಳಲ್ಲಿ ಕಲ್ಲುಹೂವು ಹಾಕುತ್ತಾರೆ. ಬೆರಳ ನಡುವೆ ಪುಡಿಯಾಗುವ ಆ ಒಣಗಿದ ಹಾಳೆಯಂಥದ್ದರ ದೂರದ ನೆಂಟರೇ ಹಿಮಸಾರಂಗದ ಚಳಿಗಾಲದ ಊಟ. ಅವಕ್ಕೆ ಬೇರಿಲ್ಲ, ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್. ಹುಲ್ಲು ಮೇಯ್ದರೆ ಮುಂದಿನ ಬೇಸಿಗೆಗೆ ಚಿಗುರುತ್ತದೆ, ಕಲ್ಲುಹೂವು ಮೇಯ್ದರೆ ದಶಕಗಳೇ ಬೇಕು. ಮೊದಲ 29ಕ್ಕೆ ಸಿಕ್ಕಿದ್ದು ಯಾರೂ ಮುಟ್ಟದ ದಪ್ಪ ಕಲ್ಲುಹೂವಿನ ಹಾಸು. ತೋಳವೂ ಇರಲಿಲ್ಲ, ಬೇಟೆಗಾರರೂ ಉಳಿದಿರಲಿಲ್ಲ. ಕೂಡಿಟ್ಟ ಗಂಟನ್ನು 19 ವರ್ಷದಲ್ಲಿ ಕರಗಿಸಿದವು.

ಲೆಕ್ಕ ನೋಡಿ. 1957ರಿಂದ 1963ರ ಹೊತ್ತಿಗೆ ಹೆಣ್ಣುಗಳ ಸರಾಸರಿ ತೂಕ 38 ಶೇಕಡಾ, ಗಂಡುಗಳದ್ದು 43 ಶೇಕಡಾ ಇಳಿದಿತ್ತು. ನೂರು ತಾಯಂದಿರಿಗೆ 75 ಮರಿಗಳಿದ್ದದ್ದು 60ಕ್ಕೆ ಬಂದಿತ್ತು, ವರ್ಷ ದಾಟಿದ ಮರಿಗಳು 45ರಿಂದ 26ಕ್ಕೆ. ಚದರ ಕಿಲೋಮೀಟರಿಗೆ ಸುಮಾರು 18 ಪ್ರಾಣಿಗಳು. ಚಳಿಗಾಲದ ಮೇವಾಗಿ ಕಲ್ಲುಹೂವು ಮುಗಿದೇಹೋಗಿತ್ತು. ಇದೆಲ್ಲ ಆ ಹಿಮ ಬೀಳುವ ಮುಂಚಿನ ಮಾತು. ಸಾಕಿದ ಮಂದೆಯ ತೂಕಕ್ಕೆ ಸಮ ಎಂಬ ವಾದ ಒಂದನ್ನು ಮರೆಯುತ್ತದೆ: ಮಂದೆಗೆ ಮೇವು ತೀರಿದರೆ ಮಾಲೀಕ ಬೇರೆ ಕಡೆ ಹೊಡೆದುಕೊಂಡು ಹೋಗುತ್ತಾನೆ. ಇವು ಎಲ್ಲಿಗೆ ಹೋಗಬೇಕಿತ್ತು? ಗುಂಡಿ ತೋಡಿ ತಳ ಮುಟ್ಟಿದರೂ ಅಲ್ಲಿ ಸಿಗುವುದೇನಿತ್ತು?

ಇದೇ ಸಮುದ್ರದ ಸೇಂಟ್ ಪಾಲ್ ದ್ವೀಪದಲ್ಲೂ ಹೀಗೇ ಆಯಿತು. 1911ರಲ್ಲಿ ಬಿಟ್ಟ 25 ಹಿಮಸಾರಂಗಗಳು 1938ಕ್ಕೆ ಸುಮಾರು 2,000 ಆದವು, 1950ಕ್ಕೆ ಉಳಿದದ್ದು 8. ಎರಡು ದ್ವೀಪ, ಬೇರೆ ಬೇರೆ ಕಾಲದ ಚಳಿಗಾಲಗಳು, ಕಥೆ ಒಂದೇ.

ಚಳಿಗಾಲದ ಮೇಲೆ ತಪ್ಪು ಹೊರಿಸಿದರೆ ಹಡಗಿನಲ್ಲಿ ತಂದು ಇಳಿಸಿದವರ ಹೆಸರೇ ಮರೆಯಾಗುತ್ತದೆ. ಅದು ನನ್ನನ್ನು ಹೆಚ್ಚು ಕಾಡುವುದು. ಹಿಮ ಕೊನೆಯ ಏಟು ಕೊಟ್ಟಿತೆಂಬುದನ್ನು ಒಪ್ಪುತ್ತೇನೆ, ಆದರೆ ಅವು ಸತ್ತದ್ದು ಹಸಿವಿನಿಂದ. 1966ರಲ್ಲಿ ಕ್ಲೈನ್ ದ್ವೀಪದ ತುಂಬ ಎಲುಬಿನ ಗೂಡುಗಳ ನಡುವೆ ನಡೆದರು. ಬದುಕಿದ್ದ 42ರಲ್ಲಿ 41 ಹೆಣ್ಣು. ಒಂದೇ ಒಂದು ಗಂಡು, ಅದರ ಕೊಂಬೂ ಸರಿಯಾಗಿ ಬೆಳೆದಿರಲಿಲ್ಲ. ಮರಿ ಒಂದೂ ಇರಲಿಲ್ಲ.