ಐಮ್ಯಾಕ್ ತಗೊಳ್ಳಲಾ ಅಂತ ಕೇಳುವವರಿಗೆ

ಇನ್‌ಬಾಕ್ಸ್‌ಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. 'ಸರ್, ಡಿಸೈನ್ ಕೆಲಸಕ್ಕೆ ಐಮ್ಯಾಕ್ ತಗೊಳ್ಳಲಾ, ಇಲ್ಲ ಎಸ್‌ಪಿ ರೋಡ್‌ನಲ್ಲಿ ಅಸೆಂಬಲ್ ಮಾಡಿಸಲಾ?' ಐಮ್ಯಾಕ್ ಅಂದರೆ ಸ್ಕ್ರೀನ್, ಕಂಪ್ಯೂಟರ್ ಎರಡೂ ಒಂದರಲ್ಲೇ ಇರುವ ಆಪಲ್ ಯಂತ್ರ; ಎಸ್‌ಪಿ ರೋಡ್ ಅಂದರೆ ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ. ಹೆಬ್ಬಾಳದ ಮಾಲ್‌ನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಆಪಲ್ ತನ್ನದೇ ಅಂಗಡಿ ತೆರೆದ ಮೇಲೆ ಈ ಪ್ರಶ್ನೆ ಇನ್ನೂ ಜಾಸ್ತಿ ಆಗಿದೆ. ಅಲ್ಲಿ ಹೋಗಿ ಕೈಯಲ್ಲಿ ಮುಟ್ಟಿ ನೋಡಿ ಬಂದವರಿಗೆ ಮನೆಯ ಕಪ್ಪು ಡಬ್ಬ ಕಣ್ಣಿಗೆ ಹಿಡಿಸಲ್ಲ, ಅದು ಸಹಜ. ನಾನು ಪುಸ್ತಕದ ಮುಖಪುಟ, ಒಳಪುಟ, ಮದುವೆ ಕಾಗದ ಎಲ್ಲಾ ಮಾಡಿ ಹೊಟ್ಟೆ ಹೊರೆಯುವವನು, ಎಂಜಿನಿಯರ್ ಅಲ್ಲ. ಆದರೆ ಈ ವಿಷಯದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯ ಇದೆ.

ಮೊದಲಿಗೆ, 'ಲೋಗೋಗೆ ದುಡ್ಡು ಕೊಡೋದು ಅಷ್ಟೇ' ಅನ್ನುವ ಹಳೇ ಮಾತು ಬಿಡಿ. ಅದು ಯಾವಾಗಲೂ ನಿಜ ಅಲ್ಲ. 2014ರ ಅಕ್ಟೋಬರ್‌ನಲ್ಲಿ ಆಪಲ್ 27 ಇಂಚಿನ 5ಕೆ (ಅಡ್ಡಕ್ಕೆ ಐದು ಸಾವಿರಕ್ಕೂ ಹೆಚ್ಚು ಪಿಕ್ಸೆಲ್ ಇರುವ) ಐಮ್ಯಾಕ್ ಬಿಟ್ಟಾಗ ಅಮೆರಿಕದಲ್ಲಿ ಅದರ ಬೆಲೆ 2,499 ಡಾಲರ್. ಅದಕ್ಕೂ ಒಂದು ತಿಂಗಳ ಹಿಂದೆ ಡೆಲ್ ತನ್ನ 27 ಇಂಚಿನ 5ಕೆ ಮಾನಿಟರ್ ಘೋಷಿಸಿತ್ತು. ಬರೀ ಮಾನಿಟರ್. ಅದಕ್ಕೆ ಹೇಳಿದ್ದ ಬೆಲೆಯೂ 2,499 ಡಾಲರ್! ಅಂದರೆ ಸ್ಕ್ರೀನ್ ಬೆಲೆಗೆ ಸ್ಕ್ರೀನ್ ಕೊಟ್ಟು, ಒಳಗಿನ ಕಂಪ್ಯೂಟರ್ ಪುಕ್ಕಟೆ ಕೊಟ್ಟ ಹಾಗಾಯಿತು. ಇದನ್ನು ದುಬಾರಿ ಅಂತ ಯಾವ ಬಾಯಲ್ಲಿ ಹೇಳೋದು?

ಹಾಗಾಗಿ ನನ್ನ ತಕರಾರು ಮೊದಲ ದಿನದ ಬೆಲೆಯ ಬಗ್ಗೆ ಅಲ್ಲ. ಎಂಟನೇ ವರ್ಷದ ಬಗ್ಗೆ.

ಒಳ್ಳೆಯ ಸ್ಕ್ರೀನ್ ಹತ್ತು ಹನ್ನೆರಡು ವರ್ಷ ಆರಾಮಾಗಿ ಬಾಳುತ್ತದೆ. ಒಳಗಿನ ಕಂಪ್ಯೂಟರ್‌ಗೆ ಆರೇಳು ವರ್ಷಕ್ಕೆ ಸುಸ್ತು ಶುರು. ಈ ಎರಡಕ್ಕೂ ಬ್ರಹ್ಮಗಂಟು ಹಾಕಿ ಒಂದೇ ಗಾಜಿನ ಹಿಂದೆ ಕೂರಿಸಿದರೆ ಏನಾಗುತ್ತೆ? ಆ 2014ರ ಐಮ್ಯಾಕ್‌ಗೆ ಸಿಕ್ಕ ಕೊನೆಯ ಆಪರೇಟಿಂಗ್ ಸಿಸ್ಟಂ 2020ರ ಬಿಗ್ ಸರ್. ಆಮೇಲಿನದು ಯಾವುದೂ ಅದಕ್ಕೆ ಅಧಿಕೃತವಾಗಿ ಬರಲಿಲ್ಲ. ಸರಿ, ಕಂಪ್ಯೂಟರ್ ಹಳೆಯದಾಯಿತು, ಸ್ಕ್ರೀನ್ ಆದರೂ ಬೇರೆ ಕಂಪ್ಯೂಟರ್‌ಗೆ ಮಾನಿಟರ್ ಆಗಲಿ ಅಂದರೆ ಅದೂ ಇಲ್ಲ. ಅದಕ್ಕಿಂತ ಹಳೇ ಐಮ್ಯಾಕ್‌ಗಳಲ್ಲಿ ಟಾರ್ಗೆಟ್ ಡಿಸ್‌ಪ್ಲೇ ಮೋಡ್ ಅಂತ ಇತ್ತು, ಕೇಬಲ್ ಚುಚ್ಚಿದರೆ ಐಮ್ಯಾಕೇ ಮಾನಿಟರ್ ಆಗುತ್ತಿತ್ತು. 5ಕೆ ಬಂದಾಗ ಅದನ್ನು ತೆಗೆದರು. ಆಗಿನ ಥಂಡರ್‌ಬೋಲ್ಟ್ 2 ಕೇಬಲ್‌ಗೆ ಅಷ್ಟೊಂದು ಪಿಕ್ಸೆಲ್ ಒಟ್ಟಿಗೆ ಸಾಗಿಸುವ ತಾಕತ್ತು ಇರಲಿಲ್ಲ, ಒಪ್ಪೋಣ. ಆದರೆ ತಾಕತ್ತಿರುವ ಥಂಡರ್‌ಬೋಲ್ಟ್ 3 5ಕೆ ಐಮ್ಯಾಕ್‌ನ 2017ರ ಮಾಡೆಲ್‌ಗೆ ಬಂದಾಗಲೂ ಆ ಸೌಲಭ್ಯ ವಾಪಸ್ ಬರಲಿಲ್ಲ. ಅದಕ್ಕೇನು ನೆಪ?

ಎಸ್‌ಪಿ ರೋಡ್‌ನ ಒಂದು ಮಹಡಿ ಮೇಲಿನ ಸಣ್ಣ ಅಂಗಡಿಯಲ್ಲಿ ಇಂಥದ್ದೊಂದು ಐಮ್ಯಾಕ್ ಬಿಚ್ಚುವುದನ್ನು ನಿಂತು ನೋಡಿದ್ದೇನೆ. ಯಾರೋ ಗಿರಾಕಿ ಮಾನಿಟರ್ ಮಾಡಿಕೊಡಿ ಅಂತ ತಂದುಕೊಟ್ಟಿದ್ದು. ಮುಂದಿನ ಗಾಜಿಗೆ ಒಂದು ಸ್ಕ್ರೂ ಕೂಡ ಇಲ್ಲ, ಸುತ್ತಲೂ ಅಂಟಿನ ಪಟ್ಟಿ. ಹುಡುಗ ಒಂದು ಪುಟ್ಟ ಪ್ಲಾಸ್ಟಿಕ್ ಚಕ್ರವನ್ನು ಗಾಜು, ಅಲ್ಯೂಮಿನಿಯಂ ಮಧ್ಯೆ ತೂರಿಸಿ, ಉಸಿರು ಬಿಗಿ ಹಿಡಿದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಿಂದೆ ಮುಂದೆ ಎಳೆಯುತ್ತಾ ಅಂಟು ಕೊಯ್ದ. ಗಾಜು ಬಿಟ್ಟುಕೊಂಡಾಗ ಪೂರ್ತಿ ಎತ್ತದೆ ಸ್ವಲ್ಪವೇ ವಾಲಿಸಿ ಹಿಡಿದ, ಯಾಕೆಂದರೆ ಹಿಂದೆ ಸಣ್ಣ ಕೇಬಲ್‌ಗಳು ಇನ್ನೂ ಸಿಕ್ಕಿಕೊಂಡಿರುತ್ತವೆ, ಜಗ್ಗಿದರೆ ಕಥೆ ಮುಗಿಯಿತು. ಆಮೇಲೆ ಮದರ್‌ಬೋರ್ಡ್, ಫ್ಯಾನ್, ಪವರ್ ಸಪ್ಲೈ ಎಲ್ಲ ಕಳಚಿ ಪಕ್ಕಕ್ಕಿಟ್ಟು, ಚೀನಾದಿಂದ ತರಿಸಿದ ಅಂಗೈ ಅಗಲದ ಒಂದು ಕಂಟ್ರೋಲರ್ ಬೋರ್ಡ್ ಕೂರಿಸಿದ. ಸ್ವಿಚ್ ಹಾಕಿದ ಕೂಡಲೇ ಸ್ಕ್ರೀನ್ ಜಗ್ ಅಂತ ಬೆಳಗಿತು. 'ಅಣ್ಣ, ಇದರೊಳಗೆ ಕೆಟ್ಟಿದ್ದು ಏನೂ ಇರ್ಲಿಲ್ಲ' ಅಂದ ಅವನು, ಕಳಚಿಟ್ಟ ಮದರ್‌ಬೋರ್ಡ್ ಕಡೆ ಕೈ ತೋರಿಸಿ. ಚೆನ್ನಾಗಿರುವ ಕಂಪ್ಯೂಟರ್ ಒಂದನ್ನು ಚೆನ್ನಾಗಿರುವ ಸ್ಕ್ರೀನ್ ಉಳಿಸಿಕೊಳ್ಳೋಕೆ ಕಿತ್ತು ಹಾಕಬೇಕಾಯಿತು.

ಇದು ಆಪಲ್ ಒಂದರದ್ದೇ ಚಾಳಿ ಅಲ್ಲ. ಮೈಕ್ರೋಸಾಫ್ಟ್ 2016ರಲ್ಲಿ ಸರ್ಫೇಸ್ ಸ್ಟುಡಿಯೋ ಅಂತ ಒಂದು ಮಾಡಿತು. 28 ಇಂಚಿನ ಸ್ಕ್ರೀನ್, ಬೆರಳಲ್ಲಿ ತಳ್ಳಿದರೆ ಡ್ರಾಯಿಂಗ್ ಬೋರ್ಡ್ ಥರ ಮಲಗುತ್ತದೆ. ಚಿತ್ರ ಬರೆಯುವವರು ಜೊಲ್ಲು ಸುರಿಸಿದ್ದು ಸುಳ್ಳಲ್ಲ, ನಾನೂ ಸುರಿಸಿದೆ. 2,999 ಡಾಲರ್‌ನಿಂದ ಶುರು. ಅಷ್ಟು ಕೊಟ್ಟರೂ ಒಳಗೆ ಇದ್ದದ್ದು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್, ಜೊತೆಗೆ ತಿರುಗುವ ಹಾರ್ಡ್‌ಡಿಸ್ಕ್‌ಗೆ ಚೂರು ಎಸ್‌ಎಸ್‌ಡಿ ಸೇರಿಸಿದ ಹೈಬ್ರಿಡ್ ಡ್ರೈವ್. ಹೊರಗಿನಿಂದ ವಿಡಿಯೋ ಕೊಡೋಕೆ ದಾರಿ ಇಲ್ಲ. ಕೊನೆಯ ಮಾಡೆಲ್ ಬರುವ ಹೊತ್ತಿಗೆ 4,499 ಡಾಲರ್ ಆಗಿತ್ತು. 2024ರ ಕೊನೆಗೆ ಅದನ್ನು ನಿಲ್ಲಿಸಿಯೇ ಬಿಟ್ಟರು. ಅಷ್ಟು ಒಳ್ಳೆಯ ಕೀಲು, ಅಷ್ಟು ಒಳ್ಳೆಯ ಗಾಜು, ಬುಡದಲ್ಲಿ ಮುದಿಯಾಗುವ ಡಬ್ಬ.

ಈಗ ಇವತ್ತಿನ ಐಮ್ಯಾಕ್‌ಗೆ ಬರೋಣ. 2024ರಲ್ಲಿ ಬಂದ ಎಂ4 (ಆಪಲ್‌ನದೇ ಚಿಪ್) ಮಾಡೆಲ್, ಬಂದಾಗ ನಮ್ಮಲ್ಲಿ 1,34,900 ರೂಪಾಯಿಯಿಂದ ಶುರು. ದಪ್ಪ ಬರೀ 11.5 ಮಿಲಿಮೀಟರ್. ಎಷ್ಟು ತೆಳು ಅಂದರೆ ಹೆಡ್‌ಫೋನ್ ಪಿನ್ ಹಿಂದಿನಿಂದ ಚುಚ್ಚಿದರೆ ಮುಂದಿನ ಗಾಜಿಗೆ ತಾಗುತ್ತೆ ಅಂತ ಅದರ ತೂತನ್ನು ಪಕ್ಕಕ್ಕೆ ಕೊರೆದಿದ್ದಾರೆ. ಪವರ್ ಸಪ್ಲೈ ಒಳಗೆ ಹಿಡಿಸದೆ ನೆಲದ ಮೇಲೆ ಇಟ್ಟಿಗೆ ಥರ ಬಿದ್ದಿರುತ್ತದೆ. ಕೂತು ಕೆಲಸ ಮಾಡುವವನು ಅದನ್ನು ಪಕ್ಕದಿಂದ ನೋಡುವುದೇ ಇಲ್ಲವಲ್ಲ ಮಾರಾಯ್ರೇ, ಯಾರಿಗಾಗಿ ಈ ತೆಳು? ಇಷ್ಟೆಲ್ಲ ಮಾಡಿ ಸ್ಟ್ಯಾಂಡ್‌ನ ಎತ್ತರ ಮಾತ್ರ ಬದಲಿಸೋಕೆ ಆಗಲ್ಲ. ಕುತ್ತಿಗೆ ನೋವು ಬಂದವರು ಅಡಿಗೆ ದಪ್ಪ ನಿಘಂಟು ಇಟ್ಟುಕೊಳ್ಳುತ್ತಾರೆ. ಮೌಸ್ ಚಾರ್ಜ್ ಮಾಡಬೇಕೆಂದರೆ ಇವತ್ತಿಗೂ ಅಂಗಾತ ಮಲಗಿಸಬೇಕು. 2015ರಿಂದ ಹೀಗೇ ಇದೆ, 2024ರಲ್ಲಿ ಪೋರ್ಟ್ ಬದಲಾದರೂ ಜಾಗ ಬದಲಾಗಲಿಲ್ಲ.

ಹಾಗಂತ ಚಂದ ಮಾಡುವುದೇ ತಪ್ಪು ಅಂತಲ್ಲ. 1998ರ ನೀಲಿ ಐಮ್ಯಾಕ್ ಇಲ್ಲದಿದ್ದರೆ ಆಪಲ್ ಉಳಿಯುತ್ತಿತ್ತೋ ಇಲ್ಲವೋ. ಆದರೆ ಆಕಾರ ಮೊದಲು, ಒಳಗಿನದು ಆಮೇಲೆ ಅಂತ ಹೊರಟಾಗೆಲ್ಲ ಏಟು ಬಿದ್ದಿದೆ. 2000ದಲ್ಲಿ ಸ್ಟೀವ್ ಜಾಬ್ಸ್ ಪವರ್ ಮ್ಯಾಕ್ ಜಿ4 ಕ್ಯೂಬ್ ತೋರಿಸಿದರು. ಗಾಜಿನಂಥ ಅಕ್ರಿಲಿಕ್ ಒಳಗೆ ತೇಲುವ ಡಬ್ಬ, ಫ್ಯಾನ್ ಇಲ್ಲ, ಸದ್ದಿಲ್ಲ. 1,799 ಡಾಲರ್. ಅದಕ್ಕಿಂತ 200 ಡಾಲರ್ ಕಮ್ಮಿಗೆ ಸುಮಾರು ಅಷ್ಟೇ ಕೆಲಸ ಮಾಡುವ, ಕಾರ್ಡ್‌ಗಳನ್ನು ಬದಲಿಸಬಹುದಾದ ಟವರ್ ಅವರದ್ದೇ ಅಂಗಡಿಯಲ್ಲಿತ್ತು. ಜನ ಟವರ್ ತಗೊಂಡರು. ಒಂದೇ ವರ್ಷಕ್ಕೆ ಕ್ಯೂಬ್ ನಿಂತುಹೋಯಿತು. ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂನ ಸಂಗ್ರಹದಲ್ಲಿ ಈಗ ಒಂದು ಇದೆ. ಇರಲಿ ಬಿಡಿ, ಅಲ್ಲಿ ಯಾರೂ ರೆಂಡರ್ ಹಾಕಲ್ಲ.

ದೊಡ್ಡ ಕೆಲಸ ಮಾಡುವವರಿಗಾಗಿ ಮಾಡಿದ 2013ರ ಮ್ಯಾಕ್ ಪ್ರೊ ಇನ್ನೊಂದು. ಕಪ್ಪಗೆ, ಕೊಳವೆಯ ಆಕಾರ, ಜನ ಕಸದ ಡಬ್ಬಿ ಅಂತ ಹೆಸರಿಟ್ಟರು. ಮಧ್ಯದಲ್ಲಿ ಮೂರು ಮುಖದ ಲೋಹದ ಕಂಬ, ಅದಕ್ಕೆ ಒಂದು ಕಡೆ ಪ್ರೊಸೆಸರ್, ಇನ್ನೆರಡು ಕಡೆ ಎರಡು ಗ್ರಾಫಿಕ್ಸ್ ಕಾರ್ಡ್, ಮೇಲೆ ಒಂದೇ ಫ್ಯಾನ್. ಸಾಧಾರಣ ಬಿಸಿಯ ಕಾರ್ಡ್ ಎರಡು ಹಾಕಿದರೆ ಲೆಕ್ಕ ಸರಿಹೋಗುತ್ತದೆ ಅಂತ ಅವರ ಎಣಿಕೆ. ಪ್ರಪಂಚ ಹೋಗಿದ್ದು ಒಂದೇ ದೊಡ್ಡ, ಸಿಕ್ಕಾಪಟ್ಟೆ ಬಿಸಿಯಾಗುವ ಕಾರ್ಡ್ ಕಡೆಗೆ. ಆ ಕಂಬದ ಒಂದು ಮುಖಕ್ಕೆ ಅಷ್ಟು ಶಾಖ ತಡೆಯುವ ಶಕ್ತಿ ಇರಲಿಲ್ಲ. 2017ರಲ್ಲಿ ಆಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಘಿ ಪತ್ರಕರ್ತರನ್ನು ಕೂರಿಸಿಕೊಂಡು, ಶಾಖದ ವಿಷಯದಲ್ಲಿ ನಾವೇ ಮೂಲೆಗೆ ಸಿಕ್ಕಿಹಾಕಿಕೊಂಡೆವು ಅನ್ನುವ ಅರ್ಥದ ಮಾತು ಹೇಳಿ ಒಪ್ಪಿಕೊಂಡರು. ಅದಾದ ಮೇಲೂ ಆ ಕಸದ ಡಬ್ಬಿ 2019ರ ತನಕ ಮಾರಾಟದಲ್ಲೇ ಇತ್ತು ಅನ್ನುವುದು ಬೇರೆ ಮಾತು.

2019ರದ್ದು ಬಿಡಿಸಿ ಜೋಡಿಸುವಂಥ ಮ್ಯಾಕ್ ಪ್ರೊ, ನಿಜಕ್ಕೂ ಒಳ್ಳೆಯ ಡಬ್ಬ. ನಮ್ಮಲ್ಲಿ 4,99,900 ರೂಪಾಯಿಯಿಂದ ಶುರುವಾಯಿತು. ಚಕ್ರ ಬೇಕೆಂದರೆ ಅಮೆರಿಕದಲ್ಲಿ 400 ಡಾಲರ್ ಎಕ್ಸ್‌ಟ್ರಾ, ಆ ಚಕ್ರಕ್ಕೆ ಬ್ರೇಕ್ ಇಲ್ಲ. ಅದರ ಜೊತೆಗೆ ಬಂದ ಮಾನಿಟರ್‌ನ ಬರೀ ಸ್ಟ್ಯಾಂಡ್‌ಗೆ 999 ಡಾಲರ್ ಅಂದಾಗ ಸಭೆಯಲ್ಲಿ ಕೂತಿದ್ದವರೇ ಗುಜುಗುಜು ಅಂದರು. ನಗೋ ವಿಷಯ ಇದಲ್ಲ. ಇಂಟೆಲ್ ಪ್ರೊಸೆಸರ್‌ನ ಆ ಮ್ಯಾಕ್ ಪ್ರೊವನ್ನು 2023ರ ಜೂನ್ ತನಕ ಮಾರಿದರು. ಎರಡೇ ವರ್ಷ ಕಳೆದು 2025ರ ಜೂನ್‌ನಲ್ಲಿ, ಇಂಟೆಲ್ ಮ್ಯಾಕ್‌ಗಳಿಗೆ ಟಾಹೋ ಅನ್ನುವ ಆಪರೇಟಿಂಗ್ ಸಿಸ್ಟಂ ಆವೃತ್ತಿಯೇ ಕೊನೆ ಅಂತ ಘೋಷಿಸಿದರು. ಐದು ಲಕ್ಷ ಸುರಿದವನು ಏನನ್ನಬೇಕು ಹೇಳಿ.

ಹಾಗಾದರೆ ಡಿಸೈನ್‌ಗೆ ದುಡ್ಡು ಕೊಡಲೇಬಾರದಾ? ಕೊಡಬಹುದು. ಕಣ್ಣಿಗೆ ಕಾಣದ ಡಿಸೈನ್‌ಗೆ ಕೊಡಿ. ಸ್ಕ್ರೀನ್ ಇಲ್ಲದ ಪುಟ್ಟ ಡಬ್ಬ ಎಂ4 ಮ್ಯಾಕ್ ಮಿನಿ ನೋಡಿ, 2024ರಲ್ಲಿ 59,900 ರೂಪಾಯಿಗೆ ಬಂತು, ಐದು ಇಂಚು ಉದ್ದ, ಐದು ಇಂಚು ಅಗಲ, ಎರಡು ಇಂಚು ಎತ್ತರ. ಪವರ್ ಬಟನ್ ಯಾಕೋ ಅಡಿಯಲ್ಲಿಟ್ಟಿದ್ದಾರೆ, ಅದು ಬಿಡಿ. ಇನ್ನೂರು ಪುಟದ ಬಣ್ಣದ ಪುಸ್ತಕ ಎಕ್ಸ್‌ಪೋರ್ಟ್‌ಗೆ ಹಾಕಿದರೂ ಫ್ಯಾನ್ ಸದ್ದು ಕಿವಿಗೆ ಬೀಳಲ್ಲ. ರಾತ್ರಿ ಹೊತ್ತು ಮಕ್ಕಳು ಮಲಗಿದ ಕೋಣೆಯಲ್ಲೇ ಕೂತು ಕೆಲಸ ಮಾಡುವ ನನ್ನಂಥವರಿಗೆ ಇದು ದೊಡ್ಡ ವಿಷಯ. ಕರೆಂಟ್ ಹೋದರೆ ಸಣ್ಣ ಯುಪಿಎಸ್‌ನಲ್ಲೇ ಫೈಲ್ ಸೇವ್ ಮಾಡಿ, ಮೇಲ್ ಕಳಿಸಿ, ನಿಧಾನವಾಗಿ ಮುಚ್ಚುವಷ್ಟು ಹೊತ್ತು ನಿಲ್ಲುತ್ತದೆ. ಇನ್ನೂ ದೊಡ್ಡ ಕೆಲಸ ಇರುವವರಿಗೆ ಮ್ಯಾಕ್ ಸ್ಟುಡಿಯೋ ಇದೆ. ತಮಾಷೆ ಅಂದರೆ ಅದರ ಅಗಲ 7.7 ಇಂಚು, ಹಳೇ ಕ್ಯೂಬ್‌ನ ಅಗಲವೂ ಅಷ್ಟೇ. ಈ ಸಲ ಫ್ಯಾನ್ ಇಟ್ಟಿದ್ದಾರೆ. ಮುಖ್ಯವಾಗಿ ಈ ಎರಡರಲ್ಲೂ ಮಾನಿಟರ್ ನಿಮ್ಮಿಷ್ಟ. ಏಳು ವರ್ಷ ಆದ ಮೇಲೆ ಡಬ್ಬ ಬದಲಿಸಿ, ಮಾನಿಟರ್ ಅಲ್ಲೇ ಇರುತ್ತದೆ.

ಕೆಲವರು ಕರೆಂಟ್ ಬಿಲ್ ಉಳಿಯುತ್ತೆ ಅಂತ ಲೆಕ್ಕ ಕೊಡುತ್ತಾರೆ. ಅದನ್ನು ನಂಬಿ ತಗೊಳ್ಳಬೇಡಿ. ಟವರ್‌ಗೂ ಮಿನಿಗೂ 80 ವ್ಯಾಟ್ ವ್ಯತ್ಯಾಸ ಅಂತಿಟ್ಟುಕೊಳ್ಳಿ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಅಂದರೆ 192 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ಸಾವಿರದ ನೂರೈವತ್ತರ ಆಸುಪಾಸು. ಇಡೀ ವರ್ಷಕ್ಕೆ. ಅದರಿಂದ ಕಂಪ್ಯೂಟರ್ ಕೊಳ್ಳೋಕಾಗಲ್ಲ.

ಆಪಲ್ ನಿಜವಾಗಿ ಸುಲಿಯುವುದು ಎಲ್ಲಿ ಅಂದರೆ ರ್‍ಯಾಮ್, ಸ್ಟೋರೇಜ್‌ನಲ್ಲಿ. ಈ ಮಿನಿ ಬಂದಾಗ 256 ಜಿಬಿಯಿಂದ 512ಕ್ಕೆ ಹೋದರೆ 20,000 ರೂಪಾಯಿ ಇತ್ತು. 16 ಜಿಬಿ ರ್‍ಯಾಮ್ 24 ಆದರೆ ಮತ್ತೆ 20,000. ಅರವತ್ತು ಸಾವಿರದ ಡಬ್ಬ ಎರಡು ಟಿಕ್‌ಗೆ ಒಂದು ಲಕ್ಷ. ರ್‍ಯಾಮ್ ಚಿಪ್‌ನ ಪಕ್ಕದಲ್ಲೇ ಬೆಸೆದಿರುವುದರಿಂದ ಆಮೇಲೆ ಹಾಕಿಸೋಕಾಗಲ್ಲ, ಅದಕ್ಕೆ ಬೇಕಿದ್ದರೆ ಹಲ್ಲು ಕಚ್ಚಿ ಮೊದಲೇ ಕೊಡಿ. ಸ್ಟೋರೇಜ್‌ಗೆ ಮಾತ್ರ ಕೊಡಬೇಡಿ, ಹೊರಗಿನ ಎಸ್‌ಎಸ್‌ಡಿ ಹಿಂದೆ ಅಂಟಿಸಿಕೊಂಡರೆ ಸಾಕು.

ಇಷ್ಟು ಹೇಳಿದ ಮೇಲೂ ಕೆಲವರಿಗೆ ಎಸ್‌ಪಿ ರೋಡೇ ಸರಿ. ಥ್ರೀಡಿ ಕೆಲಸ ಮಾಡುವವರಿಗೆ, ಗೇಮ್ ಆಡುವವರಿಗೆ ಎನ್‌ವಿಡಿಯಾ ಕಾರ್ಡ್ ಬೇಕೇ ಬೇಕು. ಡಿಟಿಪಿ ಅಂಗಡಿ ಇಟ್ಟವರಿಗಂತೂ ಮ್ಯಾಕ್ ತಲೆನೋವು. ನುಡಿ ತಂತ್ರಾಂಶ ವಿಂಡೋಸ್‌ಗೆ ಮಾಡಿದ್ದು, ಲೇಖಕರು ಇವತ್ತಿಗೂ ಯುನಿಕೋಡ್ ಅಲ್ಲದ ಹಳೇ ಆಸ್ಕಿ ಫೈಲ್ ಕಳಿಸುತ್ತಾರೆ, ಪ್ರೆಸ್‌ನವರು ಹತ್ತು ವರ್ಷದ ಹಿಂದಿನ ಪುಸ್ತಕದ ಪೇಜ್‌ಮೇಕರ್ ಫೈಲ್ ತೆಗೆದು 'ಎರಡನೇ ಮುದ್ರಣಕ್ಕೆ ಒಂದು ಪುಟ ತಿದ್ದಿ ಕೊಡಿ' ಅನ್ನುತ್ತಾರೆ. ಆವಾಗ ನಿಮ್ಮ ಅಲ್ಯೂಮಿನಿಯಂ ಹೊಳಪು ಕೆಲಸಕ್ಕೆ ಬರಲ್ಲ. ನಾನು ಈ ಕಾರಣಕ್ಕೇ ಮೇಜಿನ ಕೆಳಗೆ ಒಂದು ಹಳೇ ವಿಂಡೋಸ್ ಡಬ್ಬ ಇಟ್ಟುಕೊಂಡಿದ್ದೇನೆ. ಒಂದೇ ಮಾನಿಟರ್‌ಗೆ ಎರಡೂ ಚುಚ್ಚಿದ್ದೇನೆ, ಬೇಕಾದಾಗ ಇನ್‌ಪುಟ್ ಬದಲಿಸುತ್ತೇನೆ. ಐಮ್ಯಾಕ್ ಆಗಿದ್ದರೆ ಈ ಏರ್ಪಾಡು ಸಾಧ್ಯವೇ ಇರಲಿಲ್ಲ.

ಐಮ್ಯಾಕ್ ಯಾರಿಗೆ ಸರಿ ಅಂತ ಯೋಚಿಸಿದರೆ ನನಗೆ ನೆನಪಾಗುವುದು ಹಲ್ಲಿನ ಕ್ಲಿನಿಕ್, ಇಂಟೀರಿಯರ್ ಆಫೀಸ್‌ಗಳ ರಿಸೆಪ್ಷನ್. ಅಲ್ಲಿ ಮಾತ್ರ ಗಿರಾಕಿ ಅದರ ಬೆನ್ನು ನೋಡುತ್ತಾನೆ, ಕೆಲಸ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವಷ್ಟೇ. ಮನೆಯವರೆಲ್ಲ ಸೇರಿ ಬಳಸುವ, ವೈರ್ ಕಂಡರೆ ಆಗದ, ದುಡ್ಡಿಗೆ ಯೋಚನೆ ಇಲ್ಲದ ಮನೆಗೂ ಓಕೆ. ದುಡಿದು ತಿನ್ನುವ ಡಿಸೈನರ್‌ಗೆ ಬೇಡ.

ಕೇಳಿದವರಿಗೆ ನನ್ನ ಉತ್ತರ: ಮಿನಿ, 24 ಜಿಬಿ ರ್‍ಯಾಮ್, ಉಳಿದ ದುಡ್ಡಲ್ಲಿ ಬಣ್ಣ ಸರಿ ತೋರಿಸುವ 27 ಇಂಚಿನ ಮಾನಿಟರ್, ಎತ್ತರ ಬದಲಿಸಬಹುದಾದ ಸ್ಟ್ಯಾಂಡ್ ಇರುವಂಥದ್ದು. ಜಿಎಸ್‌ಟಿ ನಂಬರ್ ಇದ್ದರೆ ಬಿಲ್ ಹಾಕಿಸುವಾಗಲೇ ಹೇಳಿ, ಆಮೇಲೆ ಹೋಗಿ ಕೇಳಿದರೆ ಅಂಗಡಿಯವರು ಗೊಣಗುತ್ತಾರೆ. 59,900ರಲ್ಲಿ ಒಂಬತ್ತು ಸಾವಿರ ಚಿಲ್ಲರೆ ತೆರಿಗೆಯೇ ಇರುತ್ತದೆ, ಅದಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟು ಕಳೆಯಬಹುದು. ಮಾನಿಟರ್ ಯಾವ ಕಂಪನಿಯದು ಅಂತ ಇನ್‌ಬಾಕ್ಸ್‌ನಲ್ಲಿ ಕೇಳಬೇಡಿ, ನಿಮ್ಮದೇ ಒಂದು ಮುಖಪುಟವನ್ನು ಪೆನ್‌ಡ್ರೈವ್‌ನಲ್ಲಿ ಹಾಕ್ಕೊಂಡು, ಅದರ ಅಚ್ಚಾದ ಪ್ರತಿಯನ್ನೂ ಕೈಯಲ್ಲಿ ಹಿಡ್ಕೊಂಡು ಅಂಗಡಿಗೆ ಹೋಗಿ, ಪಕ್ಕಪಕ್ಕ ಇಟ್ಟು ನೋಡಿ.